ರೀಲಿನ ನಾಬ್ ಅಲುಗಾಡುತ್ತಿದೆಯೇ? ಸ್ಕ್ರೂ ಬಿಗಿ ಮಾಡುವ ಮೊದಲು ಇದನ್ನು ನೋಡಿ

ಪಣಂಬೂರು, ತಣ್ಣೀರುಬಾವಿ, ಹೆಜಮಾಡಿ, ಕೋಡಿಬೆಂಗ್ರೆಯ ದಡದಲ್ಲಿ ಗಾಳ ಹಾಕುವವರ ರೀಲುಗಳನ್ನು ಕೈಗೆತ್ತಿಕೊಂಡು ಹ್ಯಾಂಡಲ್‌ನ ತುದಿಯ ನಾಬನ್ನು ಎರಡು ಬೆರಳಲ್ಲಿ ಅಲುಗಿಸಿದರೆ ಹಲವು ಟಕ್ ಟಕ್ ಎನ್ನುತ್ತವೆ. ರೀಲ್ ತಿರುಗುತ್ತಿದೆಯಲ್ಲ ಎಂದು ಅದನ್ನು ಹಾಗೇ ಬಿಡುವವರೇ ಜಾಸ್ತಿ. ಆದರೆ ಈ ಅಲುಗಾಟ ತಾನಾಗಿ ನಿಲ್ಲುವುದಿಲ್ಲ. ನಾಬ್‌ನ ಒಳಗಿನ ಬಳೆಯಂಥ ಬುಷ್ ಒಂದೇ ಬದಿಗೆ ಸವೆಯುತ್ತದೆ, ಅದು ಸುತ್ತುವ ಕಡ್ಡಿಗೆ, ಅಂದರೆ ಶಾಫ್ಟ್‌ಗೆ ಗೀರು ಬೀಳುತ್ತದೆ, ಕೊನೆಗೊಂದು ದಿನ ಕಲ್ಲಿನ ಸಂದಿಯಿಂದ ಮುರು ಮೀನನ್ನು ಎಳೆಯುವ ಹೊತ್ತಿಗೇ ನಾಬ್ ಕಳಚಿ ನೀರಿಗೆ ಬೀಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ರಜೆ, ಕಡಲೂ ಒರಟು. ದಡದ ಗಾಳದವರೂ ರೀಲು ಬಿಚ್ಚಿ ನೋಡಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ.

ಹೆಚ್ಚಿನವರು ಮಾಡುವ ಮೊದಲ ಕೆಲಸ ನಾಬ್‌ನ ಸ್ಕ್ರೂವನ್ನು ಇನ್ನಷ್ಟು ಬಿಗಿ ಮಾಡುವುದು. ಉತ್ತಮ ದರ್ಜೆಯ ರೀಲುಗಳಲ್ಲಿ ಇದರಿಂದ ಪ್ರಯೋಜನವಿಲ್ಲ. ಅಲ್ಲಿ ಸ್ಕ್ರೂ ಹೋಗಿ ಕೂರುವುದು ಶಾಫ್ಟ್‌ನ ತುದಿಗೆ. ಅಲ್ಲಿಗೆ ತಲುಪಿದ ಮೇಲೆ ಎಷ್ಟು ತಿರುಗಿಸಿದರೂ ನಾಬ್‌ನ ಅಲುಗಾಟ ಅಷ್ಟೇ ಇರುತ್ತದೆ, ಸ್ಕ್ರೂವಿನ ತಲೆ ಮಾತ್ರ ಕಿತ್ತುಬರುತ್ತದೆ. ಅಲುಗಾಟವನ್ನು ನಿಜವಾಗಿ ತೆಗೆಯುವುದು ಒಳಗಿರುವ ಕಾಗದದಷ್ಟು ತೆಳುವಾದ ವಾಶರ್, ಅಂದರೆ ಶಿಮ್. ನಾಬ್ ರಿಪೇರಿಯ ಮುಖ್ಯ ವಿಷಯ ಇದೇ.

ಲೂಸಾಗಿರುವುದು ಯಾವುದು?

ಬಿಚ್ಚುವ ಮೊದಲು ಎರಡು ನಿಮಿಷ ಪರೀಕ್ಷೆ ಮಾಡಿ. ಒಂದು ಕೈಯಲ್ಲಿ ಹ್ಯಾಂಡಲ್‌ನ ತೋಳನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ನಾಬನ್ನು ಹೊರಕ್ಕೆ ಎಳೆದು ಒಳಕ್ಕೆ ತಳ್ಳಿ. ಹಿಂದೆ ಮುಂದೆ ಜಾರಿದರೆ ಕೊರತೆ ಶಿಮ್‌ನದ್ದು, ಅಥವಾ ಸ್ಕ್ರೂ ನಿಜವಾಗಿಯೂ ಸಡಿಲಾಗಿದೆ. ಹಾಗೆ ಜಾರದೆ ಮೇಲೆ ಕೆಳಗೆ ಒಲೆದರೆ ಬುಷ್ ಅಥವಾ ಬೇರಿಂಗ್ ಸವೆದಿದೆ. ನಾಬ್‌ನ ಒಳಗಿನ ಭಾಗ ಗಟ್ಟಿಯಾಗಿದ್ದು ಹೊರಗಿನ ರಬ್ಬರ್ ಅಥವಾ ಫೋಮ್ ಮಾತ್ರ ಸುತ್ತುತ್ತಿದ್ದರೆ ಅಂಟು ಬಿಟ್ಟಿದೆ ಎಂದರ್ಥ.

ಇನ್ನೊಂದು ಸಾಧ್ಯತೆಯೂ ಇದೆ. ನಾಬ್ ಸರಿಯಾಗಿಯೇ ಇದ್ದು ತೋಳು ಮಡಚುವ ಕೀಲು ಅಥವಾ ತೋಳು ರೀಲಿನ ಒಳಹೋಗುವ ಜಾಗ ಅಲುಗಾಡಬಹುದು. ತೋಳನ್ನು ರೀಲಿನ ಹತ್ತಿರವೇ ಹಿಡಿದು ಅಲುಗಿಸಿದರೆ ಅದು ಗೊತ್ತಾಗುತ್ತದೆ. ಆಗ ಕೀಲಿನ ಸ್ಕ್ರೂ ಅಥವಾ ಎದುರು ಬದಿಯ ಮುಚ್ಚಳದ ಸ್ಕ್ರೂ ಬಿಗಿ ಮಾಡಿದರೆ ಸಾಕು, ನಾಬನ್ನು ಮುಟ್ಟಬೇಕಾಗಿಲ್ಲ.

ಬೇಕಾದ ಸಾಮಾನು

ಚಿಕ್ಕ ಸ್ಟಾರ್ ಸ್ಕ್ರೂಡ್ರೈವರ್, ತೆಳು ಪ್ಲಾಸ್ಟಿಕ್ ಪಟ್ಟಿ, ಟೂತ್‌ಬ್ರಷ್, ಕಿವಿಕಡ್ಡಿ, ಸ್ವಲ್ಪ ಸೀಮೆಎಣ್ಣೆ, ಬೋಟ್ ಎಂಜಿನ್‌ಗೆ ಹಾಕುವ ಮೆರೈನ್ ಗ್ರೀಸ್, ಮಧ್ಯಮ ಬಲದ ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು), 0.1, 0.2 ಮತ್ತು 0.3 ಮಿ.ಮೀ. ದಪ್ಪದ ಶಿಮ್‌ಗಳು. ಅಳತೆ ನೋಡಲು ವರ್ನಿಯರ್ ಕ್ಯಾಲಿಪರ್ ಇದ್ದರೆ ಒಳ್ಳೆಯದು. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಹೊಂದಿಸಲು ಬಳಸುವ, ಸಂದಿ ಅಳೆಯುವ ಫೀಲರ್ ಗೇಜ್ ಸಿಕ್ಕರೆ ಅರ್ಧ ಕೆಲಸ ಸುಲಭ.

ಸ್ಕ್ರೂಡ್ರೈವರ್ ಬಗ್ಗೆ ಒಂದು ಮಾತು. ಜಪಾನಿನ ರೀಲುಗಳ ಸ್ಟಾರ್ ಸ್ಕ್ರೂಗಳು ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಅಳತೆಯವು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಫಿಲಿಪ್ಸ್ ತುದಿ ಅವುಗಳಲ್ಲಿ ಪೂರ್ತಿ ಕೂರುವುದಿಲ್ಲ. ಒತ್ತಿ ತಿರುಗಿಸಿದಾಗ ಜಾರಿ ಮೇಲೆದ್ದು ತಲೆಯನ್ನು ಕೆರೆದುಬಿಡುತ್ತದೆ. ಜೆಐಎಸ್ ತುದಿಯ ಸ್ಕ್ರೂಡ್ರೈವರ್ ಒಂದು ಸಲ ಕೊಂಡರೆ ವರ್ಷಗಟ್ಟಲೆ ಬರುತ್ತದೆ.

ಬಿಚ್ಚುವುದು

ಬಿಳಿ ಬಟ್ಟೆ ಹಾಸಿದ ತಟ್ಟೆಯ ಮೇಲೆ ಕೆಲಸ ಮಾಡಿ. ಶಿಮ್ ನೆಲಕ್ಕೆ ಬಿದ್ದರೆ ಹುಡುಕುವುದು ಕಷ್ಟ. ಹ್ಯಾಂಡಲನ್ನು ರೀಲಿನಿಂದ ತೆಗೆದಿಟ್ಟುಕೊಂಡರೆ ಹಿಡಿತ ಚೆನ್ನಾಗಿರುತ್ತದೆ. ಥ್ರೆಡ್ ಇರುವ ಹ್ಯಾಂಡಲ್ ಆದರೆ ಹಿಂದಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ರೀಲ್ ಹಿಮ್ಮುಖ ತಿರುಗದಂತೆ ತಡೆಯುವ ಗುಂಡಿ ಇದ್ದರೆ ಅದು ಆನ್ ಆಗಿರಬೇಕು.

ನಾಬ್‌ನ ತುದಿಯಲ್ಲಿ ಸಣ್ಣ ಮುಚ್ಚಳವಿರುತ್ತದೆ. ಅದರಲ್ಲಿ ಗೀಟು ಇದ್ದರೆ ತಿರುಗಿಸಿ ತೆಗೆಯುವಂಥದ್ದು, ಇಲ್ಲದಿದ್ದರೆ ಒತ್ತಿ ಕೂರಿಸಿದ್ದು. ಒತ್ತಿ ಕೂರಿಸಿದ್ದನ್ನು ಚಾಕುವಿನಿಂದ ಮೀಟಬೇಡಿ, ಅಂಚು ಒಡೆಯುತ್ತದೆ. ನಾಬನ್ನು ಕೈಗೆ ತಾಳುವಷ್ಟು ಬಿಸಿ ನೀರಿನಲ್ಲಿ ಒಂದೆರಡು ನಿಮಿಷ ಇಟ್ಟು, ಪ್ಲಾಸ್ಟಿಕ್ ಪಟ್ಟಿಯಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ಎತ್ತಿ.

ಒಳಗೆ ಸ್ಕ್ರೂ ಕಾಣುತ್ತದೆ. ಸ್ಕ್ರೂಡ್ರೈವರನ್ನು ಬಲವಾಗಿ ಒತ್ತಿ ಹಿಡಿದು ಎಡಕ್ಕೆ ತಿರುಗಿಸಿ. ಕದಲದಿದ್ದರೆ ಜೋರು ಮಾಡುವ ಮೊದಲು ಬಲಕ್ಕೊಮ್ಮೆ ಮೆಲ್ಲನೆ ಪ್ರಯತ್ನಿಸಿ, ಏಕೆಂದರೆ ಕೆಲವು ರೀಲುಗಳಲ್ಲಿ ಉಲ್ಟಾ ಥ್ರೆಡ್ ಇರುತ್ತದೆ. ಉಲ್ಟಾ ಥ್ರೆಡ್ ಕೊಡುವುದಕ್ಕೆ ಕಾರಣವಿದೆ. ಹ್ಯಾಂಡಲ್ ಬಲಗಡೆ ಇಟ್ಟು ಸುತ್ತುವವರ ನಾಬ್, ತೋಳಿಗೆ ಹೋಲಿಸಿದರೆ ಎಡಕ್ಕೆ ತಿರುಗುತ್ತಿರುತ್ತದೆ. ಒಳಗೆ ಉಪ್ಪು ಹಿಡಿದು ನಾಬ್ ಬಿಗಿಯಾಗಿದ್ದರೆ ಅದು ಸ್ಕ್ರೂವನ್ನೂ ತನ್ನೊಂದಿಗೆ ಎಳೆದು ಪ್ರತಿ ಸುತ್ತಿಗೂ ಇಷ್ಟಿಷ್ಟೇ ಬಿಚ್ಚುತ್ತದೆ. ಎಡಗಡೆ ಹ್ಯಾಂಡಲ್ ಇಡುವವರಿಗೆ ಈ ತೊಂದರೆ ಕಡಿಮೆ, ಅಲ್ಲಿ ಎಳೆತ ಬಿಗಿಯಾಗುವ ದಿಕ್ಕಿಗೆ.

ಸ್ಕ್ರೂ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಒಂದು ಹನಿ ಬಿಟ್ಟು ರಾತ್ರಿಯಿಡೀ ಇಡಿ. ಆಗಲೂ ಬರದಿದ್ದರೆ ಬಿಸಿಯಾದ ಸೋಲ್ಡರಿಂಗ್ ಐರನ್‌ನ ತುದಿಯನ್ನು ಸ್ಕ್ರೂವಿನ ತಲೆಗೆ ಮಾತ್ರ ಅರ್ಧ ನಿಮಿಷ ಮುಟ್ಟಿಸಿ, ತಕ್ಷಣ ತಿರುಗಿಸಿ. ಹಳೆಯ ಥ್ರೆಡ್‌ಲಾಕ್ ಇದ್ದರೂ ಇದರಿಂದ ಮೆತ್ತಗಾಗುತ್ತದೆ. ಲೈಟರ್ ಬೆಂಕಿ ಬೇಡ, ನಾಬ್ ಕರಗುತ್ತದೆ.

ನಾಬ್ ಹೊರಬರುವಾಗ ವಾಶರ್, ಬೇರಿಂಗ್, ಶಿಮ್ ಯಾವ ಕ್ರಮದಲ್ಲಿ ಬಂದವು ಎಂದು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಒಳಬದಿಯ ಶಿಮ್ ಗ್ರೀಸಿಗೆ ಅಂಟಿಕೊಂಡು ಕಣ್ಣಿಗೆ ಬೀಳದೇ ಹೋಗುವುದುಂಟು; ತೋಳಿನ ಬುಡವನ್ನೂ ಬೇರಿಂಗಿನ ಮುಖವನ್ನೂ ಉಗುರಿನಿಂದ ತಡವಿ ನೋಡಿ.

ಬುಷ್ ಇರಲಿಯೇ, ಬೇರಿಂಗ್ ಹಾಕಲೇ?

ಎಲ್ಲವನ್ನೂ ಮೊದಲು ಸಿಹಿನೀರಿನಲ್ಲಿ ತೊಳೆಯಿರಿ, ಏಕೆಂದರೆ ಉಪ್ಪು ಸೀಮೆಎಣ್ಣೆಯಲ್ಲಿ ಕರಗುವುದಿಲ್ಲ. ಒಣಗಿದ ಮೇಲೆ ಸೀಮೆಎಣ್ಣೆ ಮತ್ತು ಬ್ರಷ್‌ನಿಂದ ಹಳೆ ಗ್ರೀಸ್ ತೆಗೆಯಿರಿ. ಬೇರಿಂಗನ್ನು ಕಡ್ಡಿಗೆ ಸಿಕ್ಕಿಸಿ ಬೆರಳಿನಿಂದ ತಿರುಗಿಸಿದಾಗ ಮರಳು ಅರೆದಂತೆ ಅನಿಸಿದರೆ ಅದರ ಆಯುಷ್ಯ ಮುಗಿದಿದೆ. ಪ್ಲಾಸ್ಟಿಕ್ ಬುಷ್ ಆದರೆ ಶಾಫ್ಟ್‌ಗೆ ಹಾಕಿ ಒಲೆಸಿ ನೋಡಿ. ತೂತು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಯಾವ ಶಿಮ್ ಹಾಕಿದರೂ ಒಲೆಯುವುದು ನಿಲ್ಲದು.

ಶಿಮಾನೊ, ಡೈವಾದ ಸಣ್ಣ ಮತ್ತು ಮಧ್ಯಮ ಗಾತ್ರದ ಬಹಳಷ್ಟು ನಾಬ್‌ಗಳಲ್ಲಿ ಒಳ ಅಳತೆ 4, ಹೊರ ಅಳತೆ 7, ದಪ್ಪ 2.5 ಮಿ.ಮೀ. ಇರುವ ಬೇರಿಂಗ್ ಎರಡು ಕೂರುತ್ತವೆ. ಬೇರಿಂಗ್ ಅಂಗಡಿಯಲ್ಲಿ ಎಂಆರ್74ಝಡ್‌ಝಡ್ ಎಂದು ಕೇಳಿ. ಸ್ಟೇನ್‌ಲೆಸ್ ಬೇಕಾದರೆ ಹೆಸರಿನ ಮೊದಲಿಗೆ ಎಸ್ ಸೇರಿಸಿ. ಕಡಿಮೆ ಬೆಲೆಯ ಮಾದರಿಗಳಲ್ಲಿ ಇದೇ ಅಳತೆಯ ಪ್ಲಾಸ್ಟಿಕ್ ಬುಷ್ ಇರುವುದುಂಟು, ಅಲ್ಲಿ ನೇರವಾಗಿ ಬೇರಿಂಗ್ ಹಾಕಬಹುದು. ದೊಡ್ಡ ರೀಲುಗಳ ಅಳತೆ ಬೇರೆ, ವರ್ನಿಯರ್ ಹಿಡಿಯದೆ ಕೊಳ್ಳಬೇಡಿ.

ಆದರೆ ಬೇರಿಂಗ್ ಹಾಕಿದ ಮಾತ್ರಕ್ಕೆ ರೀಲ್ ಮೇಲಾಯಿತು ಎಂದು ತಿಳಿಯಬಾರದು. ಅಲೆ ಮೈಮೇಲೆ ಬರುವ ಜಾಗದಲ್ಲಿ ನಿಂತು, ಮನೆಗೆ ಬಂದು ರೀಲು ತೊಳೆಯಲು ಸೋಮಾರಿತನ ಮಾಡುವವರಿಗೆ ಬುಷ್ಶೇ ಒಳ್ಳೆಯದು. ಅದು ತುಕ್ಕು ಹಿಡಿಯುವುದಿಲ್ಲ. ಸ್ಟೇನ್‌ಲೆಸ್ ಬೇರಿಂಗ್ ಕೂಡ ಉಪ್ಪುನೀರು ಒಳಗೇ ಒಣಗಿದರೆ ಹಾಳಾಗುತ್ತದೆ. ಹೊಸ ಬುಷ್ ಸಿಗದಿದ್ದರೆ ಬೈಕಂಪಾಡಿ, ಯೆಯ್ಯಾಡಿ ಅಥವಾ ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದ ಕಡೆ ಲೇತ್ ಕೆಲಸದವರನ್ನು ವಿಚಾರಿಸಿ. ಹಳೆಯ ಬುಷ್ ಮತ್ತು ಶಾಫ್ಟ್ ಎರಡನ್ನೂ ಕೊಟ್ಟು, ಅಸೆಟಾಲ್ ಪ್ಲಾಸ್ಟಿಕ್‌ನಲ್ಲಿ ಮಾಡಲು ಹೇಳಿ. ನೈಲಾನ್ ನೀರು ಹೀರಿ ಉಬ್ಬುತ್ತದೆ, ಮಳೆಗಾಲದಲ್ಲಿ ನಾಬ್ ಬಿಗಿಯಾಗುತ್ತದೆ. ಅಸೆಟಾಲ್ ಹೀರುವುದು ಬಹಳ ಕಡಿಮೆ.

ಶಿಮ್ ಲೆಕ್ಕ

ಶಿಮ್ ಸೇರಿಸದೆ ಒಮ್ಮೆ ಎಲ್ಲವನ್ನೂ ಜೋಡಿಸಿ, ಸ್ಕ್ರೂ ಪೂರ್ತಿ ಕೂರಿಸಿ. ನಾಬನ್ನು ಹೊರಕ್ಕೆ ಎಳೆದು ಹಿಡಿದು, ತೋಳಿಗೂ ಒಳಬದಿಯ ಬೇರಿಂಗಿಗೂ ನಡುವಿನ ಸಂದಿಯಲ್ಲಿ ಫೀಲರ್ ಗೇಜ್ ತೂರಿಸಿ ಅಳೆಯಿರಿ. ಬೇರಿಂಗ್ ನಾಬ್‌ನ ಒಳಗೇ ಅಡಗಿದ್ದು ಗೇಜ್ ತಲುಪದಿದ್ದರೆ ನಾಬನ್ನು ಹೊರಕ್ಕೆ ಎಳೆದಾಗ, ಒಳಕ್ಕೆ ತಳ್ಳಿದಾಗ ವರ್ನಿಯರ್‌ನಲ್ಲಿ ಒಟ್ಟು ಉದ್ದ ಅಳೆದು ವ್ಯತ್ಯಾಸ ತೆಗೆಯಿರಿ. ಸಂದಿ 0.35 ಮಿ.ಮೀ. ಇದೆ ಎಂದುಕೊಳ್ಳಿ. 0.2 ಮತ್ತು 0.1ರ ಶಿಮ್ ಒಂದೊಂದು ಹಾಕಿದರೆ 0.05 ಉಳಿಯುತ್ತದೆ. ಅಷ್ಟು ಉಳಿಯಲೇಬೇಕು. ಪೂರ್ತಿ ತುಂಬಿಸಿದರೆ ಎರಡು ಬೇರಿಂಗ್‌ಗಳು ಒಂದನ್ನೊಂದು ಒತ್ತಿ, ನಾಬ್ ಒರಟಾಗಿ ತಿರುಗುತ್ತದೆ.

ಶಿಮ್‌ನ ಅಗಲವೂ ಮುಖ್ಯ. 4 ಮಿ.ಮೀ. ಶಾಫ್ಟ್‌ಗೆ ಹಾಕುವ ಶಿಮ್‌ನ ಹೊರ ಅಳತೆ 6 ಮಿ.ಮೀ. ದಾಟಬಾರದು, 5 ಇದ್ದರೆ ಇನ್ನೂ ನಿಶ್ಚಿಂತೆ. ಅದು ಬೇರಿಂಗಿನ ಒಳಬಳೆಯನ್ನು ಮಾತ್ರ ಮುಟ್ಟಬೇಕು. ಹೊರಬಳೆಗೂ ತಾಗಿದರೆ ಬ್ರೇಕ್ ಹಾಕಿದಂತೆ ತಡೆಯುತ್ತದೆ. ತಂಪು ಪಾನೀಯದ ಡಬ್ಬಿಯ ತಗಡು ಕತ್ತರಿಸಿ ಶಿಮ್ ಮಾಡುವವರಿದ್ದಾರೆ. ಅಲ್ಯೂಮಿನಿಯಂ ಆದ್ದರಿಂದ ಉಪ್ಪುನೀರಿನಲ್ಲಿ ಬೇಗ ಬಿಳಿ ಪುಡಿಯಾಗುತ್ತದೆ, ಬೇಡ.

ಮತ್ತೆ ಜೋಡಿಸುವುದು

ಬುಷ್ ಇದ್ದರೆ ಶಾಫ್ಟ್‌ಗೆ ಮೆರೈನ್ ಗ್ರೀಸ್ ತೆಳುವಾಗಿ ಹಚ್ಚಿ. ಬೇರಿಂಗ್ ಆದರೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ, ಹೊರಮುಖಕ್ಕೆ ನೀರು ತಡೆಯುವಷ್ಟು ಗ್ರೀಸ್. ತೆಂಗಿನೆಣ್ಣೆ ಕೈಗೆ ಸಿಗುತ್ತದೆಂದು ಬಿಡಬೇಡಿ, ಅದು ಕೆಲವೇ ತಿಂಗಳಲ್ಲಿ ಜಿಗುಟಾಗಿ ಮರಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಸ್ಕ್ರೂವಿನ ಥ್ರೆಡ್‌ನಲ್ಲಿ ಎಣ್ಣೆಯ ಪಸೆ ಇರಬಾರದು. ಸ್ಪಿರಿಟ್‌ನಿಂದ ಒರೆಸಿ, ಸೂಜಿಯ ತುದಿಯಲ್ಲಿ ನೀಲಿ ಥ್ರೆಡ್‌ಲಾಕ್ ತೆಗೆದುಕೊಂಡು ಕೊನೆಯ ಎರಡು ಮೂರು ಸುತ್ತಿಗೆ ಮಾತ್ರ ತಾಗಿಸಿ. ಹೆಚ್ಚು ಹಾಕಿದರೆ ಬೇರಿಂಗಿಗೆ ಇಳಿದು ಕಚ್ಚಿಕೊಳ್ಳುತ್ತದೆ, ಕೆಲವು ಪ್ಲಾಸ್ಟಿಕ್ ನಾಬ್‌ಗಳು ಇದು ತಾಗಿದಲ್ಲಿ ಸೀಳುತ್ತವೆ. ಕೆಂಪು ಥ್ರೆಡ್‌ಲಾಕ್ ಬೇಡವೇ ಬೇಡ, ಮುಂದಿನ ಸಲ ಬಿಚ್ಚಲಾಗದು. ಎರಡು ಬೆರಳಿನ ಬಲದಲ್ಲಿ ಬಿಗಿ ಮಾಡಿದರೆ ಸಾಕು. 24 ಗಂಟೆ ಹಾಗೇ ಬಿಟ್ಟು ಆಮೇಲೆ ನೀರಿಗೆ ಒಯ್ಯಿರಿ. ಸ್ಟೇನ್‌ಲೆಸ್ ಸ್ಕ್ರೂಗಳಲ್ಲಿ ಇದು ಗಟ್ಟಿಯಾಗುವುದು ನಿಧಾನ.

ರಿವೆಟ್ ಹೊಡೆದ ನಾಬ್ ಆದರೆ

ಅಗ್ಗದ ರೀಲುಗಳಲ್ಲಿ ಸ್ಕ್ರೂವೇ ಇರುವುದಿಲ್ಲ, ಶಾಫ್ಟ್‌ನ ತುದಿಯನ್ನು ಬಡಿದು ಚಪ್ಪಟೆ ಮಾಡಿರುತ್ತಾರೆ. ಲೂಸಾದಾಗ ಮತ್ತೆ ಸುತ್ತಿಗೆಯಿಂದ ಬಡಿದರೆ ತೋಳು ಬಾಗುತ್ತದೆ. ಬಾಳಿಕೆ ಬರುವ ದಾರಿ ಹೀಗಿದೆ: ರಿವೆಟ್‌ನ ತಲೆಯನ್ನು ಅರದಿಂದ ಉಜ್ಜಿ ತೆಗೆದು ಶಾಫ್ಟನ್ನು ಹೊರಹಾಕಿ. ನಾಬ್‌ನ ತೂತು 5 ಮಿ.ಮೀ. ಇದ್ದರೆ, ಹೊರ ಅಳತೆ 5, ಒಳ ಅಳತೆ 4 ಇರುವ ಹಿತ್ತಾಳೆ ಕೊಳವೆಯನ್ನು ನಾಬ್‌ಗಿಂತ 0.2 ಮಿ.ಮೀ. ಉದ್ದ ಇರುವಂತೆ ಕತ್ತರಿಸಿ ಒಳಗೆ ತೂರಿಸಿ. ತೋಳಿನ ತೂತು ಕೊಳವೆ ಒಳಹೋಗುವಷ್ಟು ದೊಡ್ಡದಿದ್ದರೆ ಅಲ್ಲೊಂದು ವಾಶರ್ ಕೊಡಿ. ಅದರೊಳಗಿಂದ 4 ಮಿ.ಮೀ. ಸ್ಟೇನ್‌ಲೆಸ್ ಬೋಲ್ಟ್ ಹಾಯಿಸಿ, ತಲೆಯ ಕೆಳಗೊಂದು ವಾಶರ್ ಹಾಕಿ, ತೋಳಿನ ಹಿಂಬದಿಗೆ ನೈಲಾಕ್ ನಟ್ (ತಾನಾಗಿ ಸಡಿಲಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್) ಬಿಗಿಯಿರಿ. ಬೋಲ್ಟ್ ಎಷ್ಟೇ ಬಿಗಿಯಾದರೂ ಅದು ಹಿಡಿಯುವುದು ಕೊಳವೆಯನ್ನು, ನಾಬ್ ಅದರ ಮೇಲೆ ಸಡಿಲವಾಗಿ ತಿರುಗುತ್ತದೆ. ನಟ್ ರೀಲಿನ ಮೈಗೆ ಅಥವಾ ದಾರ ಹಿಡಿಯುವ ತಂತಿಗೆ (ಬೇಲ್) ತಾಗುವುದೇ ಎಂದು ನಿಧಾನವಾಗಿ ಒಂದು ಸುತ್ತು ತಿರುಗಿಸಿ ನೋಡಿ. ಅಲ್ಯೂಮಿನಿಯಂ ತೋಳಿಗೆ ಸ್ಟೇನ್‌ಲೆಸ್ ತಾಗುವ ಜಾಗಕ್ಕೆಲ್ಲ ಗ್ರೀಸ್ ಹಚ್ಚಿ. ಎರಡು ಲೋಹಗಳ ನಡುವೆ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಬೋಲ್ಟ್, ನಟ್ ಮಲ್ಪೆ ಅಥವಾ ಮಂಗಳೂರು ಬಂದರಿನ ಸುತ್ತ ಬೋಟ್ ಸಾಮಾನು ಮಾರುವಲ್ಲಿ ಕೇಳಿ, 316 ದರ್ಜೆಯದಾದರೆ ಉತ್ತಮ.

ಫೋಮ್ ಅಥವಾ ರಬ್ಬರ್ ಮಾತ್ರ ಕಳಚಿದ ನಾಬ್‌ಗೆ ಇಷ್ಟೆಲ್ಲ ಬೇಡ. ಒಳತಿರುಳನ್ನು 120 ನಂಬರಿನ ಎಮರಿ ಪೇಪರಿನಿಂದ ಉಜ್ಜಿ, ಸ್ಪಿರಿಟ್‌ನಿಂದ ಒರೆಸಿ, ಅರಾಲ್ಡೈಟ್‌ನ ಎರಡು ಟ್ಯೂಬನ್ನೂ ಸಮಪಾಲು ಕಲಸಿ ಹಚ್ಚಿ, ಒಂದು ರಾತ್ರಿ ಕಟ್ಟಿಡಿ. ಕ್ಷಣದಲ್ಲಿ ಅಂಟುವ ಗೋಂದು ಹೊಡೆತಕ್ಕೆ ಬಿರಿಯುತ್ತದೆ.

ಶಾಫ್ಟ್ ಬಾಗಿದ್ದರೆ ಅಥವಾ ಒಳಗಿನ ಥ್ರೆಡ್ ಹೋಗಿದ್ದರೆ ಹ್ಯಾಂಡಲನ್ನೇ ಬದಲಾಯಿಸಿ. ರೀಲಿನ ಕಾಲಿನ ಮೇಲಿರುವ ಮಾದರಿ ಸಂಖ್ಯೆಯನ್ನು ಪೂರ್ತಿ ಬರೆದುಕೊಂಡೇ ಆರ್ಡರ್ ಮಾಡಿ. ಒಂದೇ ಹೆಸರಿನ 2500 ಮತ್ತು 4000 ಗಾತ್ರಗಳ ಹ್ಯಾಂಡಲ್ ಒಂದಕ್ಕೊಂದು ಕೂರದಿರಬಹುದು.

ಕಡಲಿನಿಂದ ಬಂದ ದಿನ ರೀಲಿಗೆ ಪೈಪಿನಿಂದ ಜೋರಾಗಿ ನೀರು ಹಾಯಿಸಬೇಡಿ, ಅದು ಉಪ್ಪನ್ನೂ ಮರಳನ್ನೂ ನಾಬ್‌ನ ಒಳಕ್ಕೇ ತಳ್ಳುತ್ತದೆ. ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವ ಬ್ರೇಕ್) ಬಿಗಿ ಮಾಡಿ, ಸಿಹಿನೀರನ್ನು ಚಿಮುಕಿಸಿ, ನಾಬನ್ನು ನಾಲ್ಕಾರು ಸಲ ತಿರುಗಿಸಿ, ಒರೆಸಿ, ನಾಬ್ ಕೆಳಮುಖವಾಗುವಂತೆ ನೆರಳಲ್ಲಿ ಒಣಗಿಸಿ. ಒಂದು ಹೆಚ್ಚುವರಿ ಸ್ಕ್ರೂ, ಮುಚ್ಚಳ ಮತ್ತು ಎರಡು ಶಿಮ್ ಗಾಳದ ಪೆಟ್ಟಿಗೆಯಲ್ಲಿ ಸದಾ ಇರಲಿ.