ಮೊದಲ ಚಿತ್ರವೇ ಸರಿಯಾಗಿರಲಿ: ರೇಡಿಯೋಗ್ರಾಫರ್ ಪದವಿ ಓದುವುದು ಹೇಗೆ?

ಎಕ್ಸ್-ರೇ ಕೋಣೆಗೆ ಕಾಲಿಟ್ಟ ಹೊಸ ವಿದ್ಯಾರ್ಥಿಯ ಕಣ್ಣು ಮೊದಲು ಹೋಗುವುದು ಯಂತ್ರದ ಕಡೆಗೆ. ಅದು ಸಹಜ. ಆದರೆ ಯಂತ್ರ ಕೆಲವು ವಾರಗಳಲ್ಲಿ ಕೈಗೆ ಒಗ್ಗುತ್ತದೆ. ಉಳಿದ ಮೂರು ನಾಲ್ಕು ವರ್ಷ ಬೇಕಾಗುವುದು ಇನ್ನೊಂದಕ್ಕೆ: ನೋವಿನಲ್ಲಿರುವ, ಹೆದರಿರುವ, ಕೆಲವೊಮ್ಮೆ ಮೈಮೇಲೆ ಎಚ್ಚರವೇ ಇಲ್ಲದ ವ್ಯಕ್ತಿಯನ್ನು ಸರಿಯಾದ ಭಂಗಿಯಲ್ಲಿರಿಸಿ, ಒಂದೇ ಸಲಕ್ಕೆ ವೈದ್ಯರಿಗೆ ಬೇಕಾದ ಚಿತ್ರ ತೆಗೆಯುವುದಕ್ಕೆ. ಚಿತ್ರ ಕೆಟ್ಟು ಮತ್ತೊಮ್ಮೆ ತೆಗೆದರೆ ರೋಗಿಯ ದೇಹಕ್ಕೆ ಮತ್ತೊಮ್ಮೆ ವಿಕಿರಣ ಹಾಯುತ್ತದೆ. ಪದವಿಗೆ ಸೇರುವ ಮುನ್ನವೇ ಈ ಮಾತು ಮನಸ್ಸಿನಲ್ಲಿ ಕೂತರೆ ಓದುವ ಕ್ರಮವೇ ಬೇರೆಯಾಗುತ್ತದೆ.

ಸೇರುವ ಮುನ್ನ

ರೇಡಿಯಾಲಜಿಸ್ಟ್ ಎಂದರೆ ಚಿತ್ರವನ್ನು ಓದಿ ವರದಿ ಬರೆಯುವ ವೈದ್ಯರು. ಅವರದು ವೈದ್ಯಕೀಯ ಶಿಕ್ಷಣದ ದಾರಿ. ಚಿತ್ರ ತೆಗೆಯುವವರು ರೇಡಿಯೋಗ್ರಾಫರ್. ಎರಡನ್ನೂ ಒಂದೇ ಎಂದುಕೊಂಡು ಅರ್ಜಿ ಹಾಕಿ ಆಮೇಲೆ ನಿರಾಶರಾದವರನ್ನು ನಾನು ಕಂಡಿದ್ದೇನೆ.

ಸಾಧ್ಯವಾದರೆ ಯಾವುದಾದರೂ ಆಸ್ಪತ್ರೆಯಲ್ಲಿ ಅನುಮತಿ ಪಡೆದು ವಿಭಾಗದ ಕೆಲಸವನ್ನು ಒಂದು ದಿನ ಗಮನಿಸಿ. ದಿನವಿಡೀ ನಿಂತಿರಬೇಕು, ರೋಗಿಗಳನ್ನು ಗಾಲಿಹಾಸಿಗೆಯಿಂದ ಮೇಜಿಗೆ ಸರಿಸಬೇಕು, ರಕ್ತ ಮತ್ತು ವಾಂತಿಯನ್ನು ಕಂಡು ಹಿಂಜರಿಯಬಾರದು, ರಾತ್ರಿ ಪಾಳಿಯೂ ಇರುತ್ತದೆ. ಇದನ್ನೆಲ್ಲ ನೋಡಿದ ಮೇಲೂ ಆಸೆ ಉಳಿದರೆ ಧೈರ್ಯವಾಗಿ ಸೇರಿ. ಪ್ರವೇಶಕ್ಕೆ ಸಾಮಾನ್ಯವಾಗಿ ವಿಜ್ಞಾನ ವಿಷಯಗಳನ್ನು ಕೇಳುತ್ತಾರೆ. ಯಾರೂ ಕೇಳದಿದ್ದರೂ ಭೌತಶಾಸ್ತ್ರ ಮತ್ತು ಜೀವಶಾಸ್ತ್ರದ ತಳಪಾಯ ಗಟ್ಟಿ ಮಾಡಿಕೊಳ್ಳಿ.

ಕಾಲೇಜಿನ ಆಯ್ಕೆ

ಮೊದಲು ನೋಡಬೇಕಾದ್ದು ಮಾನ್ಯತೆ. ನೀವು ಕೆಲಸ ಮಾಡಬೇಕೆಂದಿರುವ ದೇಶದ ನೋಂದಣಿ ಸಂಸ್ಥೆ ಆ ಪದವಿಯನ್ನು ಒಪ್ಪುತ್ತದೆಯೇ ಎಂಬುದನ್ನು ಆ ಸಂಸ್ಥೆಯ ಪಟ್ಟಿಯಲ್ಲಿಯೇ ಖಚಿತಪಡಿಸಿಕೊಳ್ಳಿ, ಕಾಲೇಜಿನ ಜಾಹೀರಾತನ್ನು ನಂಬಿ ಕೂರಬೇಡಿ.

ಆಮೇಲೆ ಆಸ್ಪತ್ರೆ ತರಬೇತಿ. ನನ್ನ ಮಟ್ಟಿಗೆ ಕಾಲೇಜಿನ ಕಟ್ಟಡ, ಪ್ರಯೋಗಾಲಯ ಎಲ್ಲಕ್ಕಿಂತ ಇದೇ ದೊಡ್ಡದು. ತರಬೇತಿ ಯಾವ ಆಸ್ಪತ್ರೆಗಳಲ್ಲಿ, ಎಷ್ಟು ವಾರ? ತುರ್ತು ಚಿಕಿತ್ಸೆ, ಮಕ್ಕಳ ವಿಭಾಗ, ವಾರ್ಡಿಗೆ ಒಯ್ಯುವ ಮೊಬೈಲ್ ಎಕ್ಸ್-ರೇ, ಶಸ್ತ್ರಚಿಕಿತ್ಸಾ ಕೊಠಡಿಯ ಸಿ-ಆರ್ಮ್ (ಶಸ್ತ್ರಚಿಕಿತ್ಸೆಯ ನಡುವೆಯೇ ಚಿತ್ರ ತೋರಿಸುವ ಎಕ್ಸ್-ರೇ ಯಂತ್ರ) ಇವೆಲ್ಲವೂ ಸಿಗುತ್ತವೆಯೇ? ಅಂತಿಮ ವರ್ಷದ ವಿದ್ಯಾರ್ಥಿ ಸಿಕ್ಕರೆ ಒಂದೇ ಪ್ರಶ್ನೆ ಕೇಳಿ: "ಕಳೆದ ವಾರ ಎಷ್ಟು ರೋಗಿಗಳನ್ನು ನೀವೇ ಪೊಸಿಷನ್ ಮಾಡಿದಿರಿ, ಅಂದರೆ ಚಿತ್ರಕ್ಕೆ ಬೇಕಾದ ಭಂಗಿಯಲ್ಲಿ ಇರಿಸಿದಿರಿ?" ಉತ್ತರ ತಡವಾದರೆ ಬೇರೆ ಕಾಲೇಜು ಹುಡುಕಿ.

ಮೊದಲ ವರ್ಷ: ಮೂಳೆ ಮತ್ತು ಭೌತಶಾಸ್ತ್ರ

ಅಂಗರಚನಾಶಾಸ್ತ್ರವನ್ನು ಪುಸ್ತಕದಲ್ಲಿ ಓದಿದರೆ ಸಾಲದು, ಬೆರಳಿನಿಂದ ಓದಿ. ಸೊಂಟದ ಎರಡು ಬದಿ ಕೈಗೆ ತಗಲುವ ಮೂಳೆಯ ಮೇಲಂಚನ್ನು ಒತ್ತಿ ನೋಡಿ. ಅದರ ನೇರಕ್ಕೆ ಸೊಂಟದ ನಾಲ್ಕನೇ ಕಶೇರುಕ (ಬೆನ್ನುಮೂಳೆಯ ಬಿಡಿ ಮೂಳೆ) ಇರುತ್ತದೆ. ಕತ್ತು ಬಗ್ಗಿಸಿದಾಗ ಹಿಂದೆ ಉಬ್ಬಿ ನಿಲ್ಲುವುದು ಸಾಮಾನ್ಯವಾಗಿ ಕತ್ತಿನ ಏಳನೇ ಕಶೇರುಕ. ದೇಹದೊಳಗಿನ ಕಾಣದ ಭಾಗಕ್ಕೆ ಕಿರಣವನ್ನು ಗುರಿಯಿಡುವಾಗ ನಮಗಿರುವ ಗುರುತುಗಲ್ಲುಗಳು ಇಂಥವೇ. ಸ್ನೇಹಿತರ ಮೇಲೆ ಅಭ್ಯಾಸ ಮಾಡಿ, ದಪ್ಪಗಿರುವವರು ತೆಳ್ಳಗಿರುವವರು ಇಬ್ಬರ ಮೇಲೂ.

ಭೌತಶಾಸ್ತ್ರಕ್ಕೆ ಹೆದರುವವರೇ ಹೆಚ್ಚು. ಆದರೆ ಅದು ಕೋಣೆಯಲ್ಲಿ ದಿನವೂ ಕಣ್ಣೆದುರು ನಡೆಯುವ ಸಂಗತಿ. ಎಕ್ಸ್-ರೇ ಹುಟ್ಟಿಸುವ ಟ್ಯೂಬಿನೊಳಗೆ ಎಲೆಕ್ಟ್ರಾನುಗಳು ಟಂಗ್‌ಸ್ಟನ್‌ಗೆ ಬಡಿದಾಗ ಶಕ್ತಿಯ ಸುಮಾರು 99 ಪಾಲು ಶಾಖವಾಗಿ ಹೋಗಿ, ನೂರರಲ್ಲಿ ಒಂದು ಪಾಲು ಮಾತ್ರ ಎಕ್ಸ್-ರೇ ಆಗುತ್ತದೆ. ಆ ಶಾಖ ಒಂದೇ ಕಡೆ ಕೇಂದ್ರೀಕರಿಸದಿರಲಿ ಎಂದೇ ಎಲೆಕ್ಟ್ರಾನುಗಳು ಬಡಿಯುವ ಆ ತಟ್ಟೆ, ಅಂದರೆ ಆನೋಡ್, ತಿರುಗುತ್ತಿರುತ್ತದೆ. ಕಿಲೋವೋಲ್ಟ್ ಕಿರಣದ ತೂರಿಹೋಗುವ ಬಲವನ್ನು ನಿರ್ಧರಿಸಿದರೆ, ಮಿಲಿಆಂಪಿಯರ್-ಸೆಕೆಂಡ್ ಅದರ ಪ್ರಮಾಣವನ್ನು ನಿರ್ಧರಿಸುತ್ತದೆ.

ಇಲ್ಲೊಂದು ಎಚ್ಚರಿಕೆ. ಹಿಂದೆ ಫಿಲ್ಮ್ ಇದ್ದಾಗ ವಿಕಿರಣ ಹೆಚ್ಚಾದರೆ ಚಿತ್ರ ಕಪ್ಪಾಗಿ ತಪ್ಪು ಅಲ್ಲೇ ಗೊತ್ತಾಗುತ್ತಿತ್ತು. ಇಂದಿನ ಡಿಜಿಟಲ್ ವ್ಯವಸ್ಥೆಯಲ್ಲಿ ಸಾಫ್ಟ್‌ವೇರ್ ಚಿತ್ರವನ್ನು ತಿದ್ದಿ ಚಂದ ಮಾಡಿಬಿಡುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಕೊಟ್ಟದ್ದು ಪರದೆಯ ಮೇಲೆ ಕಾಣುವುದೇ ಇಲ್ಲ. ಆದ್ದರಿಂದ ಚಿತ್ರದ ಜೊತೆ ಬರುವ ಎಕ್ಸ್‌ಪೋಶರ್ ಸೂಚ್ಯಂಕವನ್ನು (ಚಿತ್ರಕ್ಕೆ ಎಷ್ಟು ವಿಕಿರಣ ಬಿತ್ತೆಂದು ತಿಳಿಸುವ ಸಂಖ್ಯೆ) ಪ್ರತಿ ಸಲವೂ ನೋಡುವ ಅಭ್ಯಾಸ ಮೊದಲ ವರ್ಷದಿಂದಲೇ ಇರಲಿ.

ಎದೆಯ ಎಕ್ಸ್-ರೇ: ಇದೊಂದನ್ನು ಪೂರ್ತಿ ಕಲಿಯಿರಿ

ಸುಲಭವೆಂದು ಎಲ್ಲರೂ ಎಣಿಸುವ ಎದೆಯ ಚಿತ್ರದಲ್ಲಿ ಇಡೀ ವೃತ್ತಿಯ ಪಾಠವಿದೆ. ಹೆಸರು, ಹುಟ್ಟಿದ ದಿನಾಂಕವನ್ನು ರೋಗಿಯ ಬಾಯಿಂದಲೇ ಹೇಳಿಸಿ. ಕೊರಳ ಸರ ತೆಗೆಸಿ, ಜಡೆಯನ್ನು ಮೇಲಕ್ಕೆ ಕಟ್ಟಿಸಿ. ದಪ್ಪ ಜಡೆಯ ನೆರಳು ಶ್ವಾಸಕೋಶದ ತುದಿಯಲ್ಲಿ ಕಾಯಿಲೆಯಂತೆ ಕಾಣಬಹುದು. ಎದೆಯನ್ನು ಡಿಟೆಕ್ಟರಿಗೆ (ಕಿರಣವನ್ನು ಹಿಡಿದು ಚಿತ್ರವಾಗಿಸುವ ಫಲಕ) ತಾಗಿಸಿ ನಿಲ್ಲಿಸಿ, ಕಿರಣ ಬೆನ್ನಿನ ಕಡೆಯಿಂದ ಬರಲಿ. ಹೃದಯ ಎದೆಯ ಮುಂಭಾಗದಲ್ಲಿರುವುದರಿಂದ ಹೀಗೆ ನಿಂತಾಗ ಅದು ಡಿಟೆಕ್ಟರಿಗೆ ಹತ್ತಿರವಾಗಿ, ಅದರ ನೆರಳು ಅತಿಯಾಗಿ ಹಿಗ್ಗುವುದಿಲ್ಲ. ಟ್ಯೂಬನ್ನು ಸುಮಾರು 180 ಸೆಂಟಿಮೀಟರ್ ದೂರ ಇಡುವುದೂ ಅದಕ್ಕೇ. ಗದ್ದ ಮೇಲಕ್ಕೆ, ಕೈಗಳು ಸೊಂಟದ ಮೇಲೆ, ಮೊಣಕೈ ಮುಂದಕ್ಕೆ: ಆಗ ಹೆಗಲ ಹಿಂದಿನ ಹಲಗೆಮೂಳೆಗಳು ಶ್ವಾಸಕೋಶದ ಮೇಲಿಂದ ಪಕ್ಕಕ್ಕೆ ಸರಿಯುತ್ತವೆ. ಬಲ-ಎಡದ ಗುರುತು ಇಡಲು ಮರೆಯಬೇಡಿ.

ಉಸಿರು ಎಳೆದು ಹಿಡಿಯುವುದನ್ನು ಒಮ್ಮೆ ಮೊದಲೇ ಅಭ್ಯಾಸ ಮಾಡಿಸಿ. ಚಿತ್ರ ತೆಗೆದ ಕೂಡಲೇ "ಈಗ ಬಿಡಿ" ಎನ್ನಿ. ಹೇಳದಿದ್ದರೆ ಪಾಪ, ಕೆಲವರು ಮುಖ ಕೆಂಪಾಗುವವರೆಗೂ ಹಿಡಿದುಕೊಂಡೇ ನಿಂತಿರುತ್ತಾರೆ.

ಆಸ್ಪತ್ರೆಯಲ್ಲಿ

ಎರಡನೇ ವರ್ಷದಲ್ಲಿ ಮಣಿಕಟ್ಟು ಮುರಿದ ಒಬ್ಬ ವೃದ್ಧೆ ನನ್ನ ಪಾಲಿಗೆ ಬಂದರು. ಪುಸ್ತಕದಲ್ಲಿದ್ದಂತೆ ಪಕ್ಕದ ನೋಟಕ್ಕಾಗಿ ಅವರ ಕೈಯನ್ನು ತಿರುಗಿಸಲು ಹೋದೆ, ಅವರು ಚೀರಿದರು. ಹಿಂದೆಯೇ ನಿಂತಿದ್ದ ಹಿರಿಯ ಸಹೋದ್ಯೋಗಿ ನನ್ನ ಕೈ ತಡೆದು, "ಕೈ ತಿರುಗಿಸಬೇಡ, ಟ್ಯೂಬ್ ತಿರುಗಿಸು" ಎಂದರು. ಆ ತಾಯಿಯ ಅಂಗೈ ಮೇಜಿನ ಮೇಲೆ ಇದ್ದಂತೆಯೇ ಇತ್ತು. ಆ ಹಿರಿಯರು ಡಿಟೆಕ್ಟರನ್ನು ಪಕ್ಕಕ್ಕೆ ನಿಲ್ಲಿಸಿ, ಟ್ಯೂಬನ್ನು 90 ಡಿಗ್ರಿ ವಾಲಿಸಿ, ಅಡ್ಡಲಾಗಿ ಕಿರಣ ಹಾಯಿಸಿದರು. ನೋವಿಲ್ಲದೆ ಚಿತ್ರ ಬಂತು. ಗಾಯಗೊಂಡವರ ವಿಷಯದಲ್ಲಿ ಆ ಒಂದು ವಾಕ್ಯವನ್ನೇ ನಾನು ಇಂದಿಗೂ ಕಿರಿಯರಿಗೆ ಮೊದಲು ಹೇಳುವುದು.

ಸಣ್ಣದೊಂದು ನೋಟ್‌ಬುಕ್ ಇಟ್ಟುಕೊಳ್ಳಿ. ನೀವು ತೆಗೆದ ಚಿತ್ರ ತಿರಸ್ಕೃತವಾದಾಗಲೆಲ್ಲ ಕಾರಣ ಬರೆಯಿರಿ: ದೇಹ ತಿರುಗಿತ್ತೇ, ಅಂಚು ತಪ್ಪಿತೇ, ಉಸಿರಾಟದಿಂದ ಮಸುಕಾಯಿತೇ? ತಿಂಗಳ ಕೊನೆಗೆ ಒಂದೇ ತಪ್ಪು ಪದೇ ಪದೇ ಕಾಣುತ್ತದೆ. ತಿದ್ದಿಕೊಳ್ಳಬೇಕಾದ್ದು ಅದನ್ನೇ. ರೋಗಿಯ ಹೆಸರು ಮಾತ್ರ ಬರೆಯಬೇಡಿ.

ವಿಕಿರಣದಿಂದ ರಕ್ಷಣೆ

ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ ಶಿಫಾರಸಿನಂತೆ ಈ ಕೆಲಸದಲ್ಲಿರುವವರಿಗೆ 5 ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣವನ್ನು ಅಳೆಯುವ ಮಾನ) ಮಿತಿ. ಯಾವೊಂದು ವರ್ಷವೂ 50 ದಾಟಬಾರದು. ಸಾರ್ವಜನಿಕರಿಗೆ ವರ್ಷಕ್ಕೆ 1. ಮೈಗೆ ತಗಲಿದ ವಿಕಿರಣವನ್ನು ಅಳೆಯಲು ಪ್ರತಿಯೊಬ್ಬರೂ ಒಂದು ಬ್ಯಾಡ್ಜ್ ತೊಡುತ್ತಾರೆ; ಎಚ್ಚರದಿಂದ ಕೆಲಸ ಮಾಡುವವರ ಬ್ಯಾಡ್ಜಿನ ಲೆಕ್ಕ ಸಾಮಾನ್ಯವಾಗಿ ಈ ಮಿತಿಗಿಂತ ಬಹಳ ಕೆಳಗಿರುತ್ತದೆ, ಹಾಗಾಗಿ ಅಂಜಬೇಕಿಲ್ಲ. ಆದರೆ ಬ್ಯಾಡ್ಜನ್ನು ಬ್ಯಾಗಿನಲ್ಲಿ ಮರೆತು ಬರುವುದು ತಪ್ಪು. ದೂರ ಎರಡು ಪಟ್ಟಾದರೆ ವಿಕಿರಣ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಮೊಬೈಲ್ ಎಕ್ಸ್-ರೇ ತೆಗೆಯುವಾಗ ಎರಡು ಹೆಜ್ಜೆ ಹಿಂದೆ ಸರಿಯುವುದಕ್ಕೆ ಅಷ್ಟು ಬೆಲೆಯಿದೆ. ಅಳುವ ಮಗುವನ್ನು ಹಿಡಿಯಲು ವಿದ್ಯಾರ್ಥಿ ಮುಂದಾಗಬಾರದು. ಸೀಸದ ಏಪ್ರನ್ ತೊಟ್ಟ ಪೋಷಕರು ಹಿಡಿಯಲಿ. ತಾಯಿ ಗರ್ಭಿಣಿಯಾಗಿದ್ದರೆ ಬೇರೆಯವರು.

ಮುಂದಿನ ವರ್ಷಗಳು

ಸಿ.ಟಿ., ಎಂ.ಆರ್.ಐ. ಬರುವುದು ಸಾಮಾನ್ಯವಾಗಿ ಆಮೇಲೆ. ಸಿ.ಟಿ.ಯಲ್ಲಿ ಅಯೋಡಿನ್ ಕಾಂಟ್ರಾಸ್ಟ್ (ಒಳಭಾಗಗಳು ಎದ್ದು ಕಾಣಲು ಕೊಡುವ ದ್ರಾವಣ) ಕೊಡುವ ಮುನ್ನ ಅಲರ್ಜಿ ಮತ್ತು ಮೂತ್ರಪಿಂಡದ ವಿಚಾರ ಕೇಳಬೇಕು. ಎಂ.ಆರ್.ಐ.ನಲ್ಲಿ ಎಕ್ಸ್-ರೇ ಇಲ್ಲ, ಆದರೆ ಅದರ ಅಯಸ್ಕಾಂತ ಸ್ಕ್ಯಾನ್ ನಡೆಯದಿದ್ದಾಗಲೂ ಕೆಲಸ ಮಾಡುತ್ತಲೇ ಇರುತ್ತದೆ. ಕಬ್ಬಿಣದ ಆಮ್ಲಜನಕ ಸಿಲಿಂಡರ್ ಒಳಗೆ ಬಂದರೆ ಹಾರಿಹೋಗಿ ಜೀವ ತೆಗೆಯಬಲ್ಲದು.

ಪದವಿ ಮುಗಿದ ಮೇಲೆ ನೋಂದಣಿ, ನಂತರ ಕೆಲಸ. ಹೊಸಬರಿಗೆಲ್ಲ ನೇರವಾಗಿ ಎಂ.ಆರ್.ಐ. ಕೋಣೆಯ ಮೇಲೆ ಆಸೆ. ಮೊದಲ ಒಂದು ವರ್ಷ ಸಾಮಾನ್ಯ ಎಕ್ಸ್-ರೇ ಮತ್ತು ತುರ್ತು ವಿಭಾಗದ ಪಾಳಿಯನ್ನೇ ಕೇಳಿ ಪಡೆಯಿರಿ ಎಂದು ನಾನು ಹೇಳುತ್ತೇನೆ, ಆ ನೋಟ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ.