ಇನ್ಶೂರೆನ್ಸ್ ಸಮ್ಮೇಳನದಲ್ಲಿ ಕಾರ್ಡ್ ಹಂಚಬೇಡಿ, ಪರಿಚಯ ಮಾಡಿಕೊಳ್ಳಿ

ಬೆಂಗಳೂರಿನ ಯಾವುದಾದರೂ ಇನ್ಶೂರೆನ್ಸ್ ಸಮ್ಮೇಳನಕ್ಕೆ ಊಟದ ಹೊತ್ತಿಗೆ ಹೋಗಿ ನೋಡಿ. ಹೊಸ ಏಜೆಂಟರು ಎದುರಿಗೆ ಬಂದವರಿಗೆಲ್ಲ ವಿಸಿಟಿಂಗ್ ಕಾರ್ಡ್ ಕೊಡುತ್ತಿರುತ್ತಾರೆ. ಒಂದೇ ಬ್ರಾಂಚಿನಿಂದ ಬಂದ ನಾಲ್ಕು ಜನ ಒಟ್ಟಿಗೆ ಕೂತು ಊಟ ಮಾಡುತ್ತಿರುತ್ತಾರೆ. ಸಂಜೆಯೊಳಗೆ ಯಾರೋ ಒಬ್ಬರು ಸಿಕ್ಕ ನಂಬರನ್ನೆಲ್ಲ ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸಿಬಿಟ್ಟಿರುತ್ತಾರೆ. ವಾರ ಕಳೆದ ಮೇಲೆ ಕಾರ್ಡಿನ ಮೇಲಿನ ಹೆಸರು ಓದಿದರೆ ಮುಖ ನೆನಪಾಗುವುದಿಲ್ಲ. ಇಷ್ಟಕ್ಕೆ ಒಂದು ದಿನದ ಕೆಲಸ ಬಿಟ್ಟು, ಫೀಸು ಕಟ್ಟಿ ಹೋಗಬೇಕಾ?

ಹೋಗಬೇಕು. ಆದರೆ ಯಾಕೆ ಅನ್ನುವುದು ಗೊತ್ತಿರಬೇಕು. ಅಲ್ಲಿ ಗ್ರಾಹಕರು ಸಿಗುವುದಿಲ್ಲ. ಬಂದವರೆಲ್ಲ ನಿಮ್ಮ ಹಾಗೆಯೇ ಪಾಲಿಸಿ ಮಾಡಿಸುವವರು, ಇಲ್ಲವೇ ಕ್ಲೇಮ್ ನೋಡುವವರು. ಗ್ರಾಹಕರ ಕ್ಲೇಮ್ ಎಲ್ಲೋ ಸಿಕ್ಕಿಕೊಂಡಾಗ ನಿಮ್ಮ ಫೋನ್ ಎತ್ತುವಂಥ ಜನ ಅಲ್ಲಿ ಸಿಗುತ್ತಾರೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು ಕಡೆ ಕಾರುಗಳು ಬೇಸ್‌ಮೆಂಟಿನಲ್ಲೇ ಮುಳುಗಿದವು. ನೀರು ನುಗ್ಗಿದ ಎಂಜಿನ್ನನ್ನು ಸ್ಟಾರ್ಟ್ ಮಾಡಿ ಕೆಡಿಸಿಕೊಂಡರೆ, ಎಂಜಿನ್ ಪ್ರೊಟೆಕ್ಷನ್ ಅನ್ನುವ ಹೆಚ್ಚುವರಿ ರಕ್ಷಣೆ (ಆಡ್-ಆನ್) ಇಲ್ಲದ ಪಾಲಿಸಿಯಲ್ಲಿ ಆ ದುಡ್ಡು ಸಿಗುವುದು ಕಷ್ಟ. ನಷ್ಟ ಎಷ್ಟಾಗಿದೆ ಅಂತ ನೋಡಿ ರಿಪೋರ್ಟ್ ಕೊಡುವ ಒಬ್ಬ ಸರ್ವೇಯರ್ ಪರಿಚಯ ಇದ್ದರೆ ಸಾಕು, "ಕೀ ತಿರುಗಿಸಬೇಡಿ, ಮೊದಲು ಟೋ ಮಾಡಿಸಿ" ಅನ್ನುವ ಮಾತು ಗ್ರಾಹಕರಿಗೆ ಹೊತ್ತಿಗೆ ಸರಿಯಾಗಿ ತಲುಪುತ್ತದೆ.

ಮೊದಲು ಪಟ್ಟಿ, ಆಮೇಲೆ ಕಾರ್ಯಕ್ರಮ

ಒಂದು ಹಾಳೆಯಲ್ಲಿ ಬರೆಯಿರಿ: ಸರ್ವೇಯರ್, ಟಿಪಿಎಯಲ್ಲಿ (ಇನ್ಶೂರೆನ್ಸ್ ಕಂಪನಿ ಪರವಾಗಿ ಆರೋಗ್ಯ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ) ಕೆಲಸ ಮಾಡುವವರು, ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನವರು, ಅಂಡರ್‌ರೈಟರ್ (ಪಾಲಿಸಿ ಕೊಡಬಹುದಾ, ಎಷ್ಟು ಪ್ರೀಮಿಯಂಗೆ ಅಂತ ತೀರ್ಮಾನಿಸುವವರು), ಬ್ರೋಕರ್, ನಿಮ್ಮದಲ್ಲದ ವಿಭಾಗದ ಒಬ್ಬ ಒಳ್ಳೆಯ ಏಜೆಂಟ್. ಇದರಲ್ಲಿ ಯಾರು ನಿಮಗೆ ಗೊತ್ತಿಲ್ಲವೋ ಅವರು ಬರುವ ಕಾರ್ಯಕ್ರಮಕ್ಕೆ ಹೋಗಿ.

ಮೊದಲ ವರ್ಷ ದೊಡ್ಡ ಹೋಟೆಲಿನ ಸಮ್ಮೇಳನಕ್ಕೆ ಹೋಗಲೇಬೇಡಿ. ಚಿಕ್ಕ ಸಭೆಗಳಿಗೆ ಹೋಗಿ. 1955ರಲ್ಲಿ ಶುರುವಾದ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದ ಜೊತೆ ಸೇರಿದ ಸಂಸ್ಥೆಗಳು ಬೇರೆ ಬೇರೆ ಊರುಗಳಲ್ಲಿವೆ, ಬೆಂಗಳೂರಿನಲ್ಲೂ ಇದೆ. ಇನ್‌ಸ್ಟಿಟ್ಯೂಟ್ ನಡೆಸುವ ಲೈಸೆನ್ಷಿಯೇಟ್, ಅಸೋಸಿಯೇಟ್ ಪರೀಕ್ಷೆ ಕಟ್ಟುವವರು, ಪಾಠ ಹೇಳುವ ಹಿರಿಯರು ಅಲ್ಲೇ ಸಿಗುತ್ತಾರೆ. ಫ್ಯಾಕ್ಟರಿ ಮಾಲೀಕರ ಕಷ್ಟ ಅರ್ಥ ಆಗಬೇಕಾದರೆ ಕೆ.ಜಿ. ರಸ್ತೆಯ ಎಫ್‌ಕೆಸಿಸಿಐ (ರಾಜ್ಯದ ವಾಣಿಜ್ಯೋದ್ಯಮ ಒಕ್ಕೂಟ), ವಿಜಯನಗರದ ಕಾಸಿಯಾ (ಸಣ್ಣ ಕೈಗಾರಿಕೆಗಳ ಸಂಘ), ಪೀಣ್ಯದ ಕೈಗಾರಿಕಾ ಸಂಘದ ಸಭೆಗಳ ಮೇಲೆ ಕಣ್ಣಿಡಿ. ಅಕೋ, ಡಿಜಿಟ್‌ನಂಥ ಇನ್ಶೂರೆನ್ಸ್ ಕಂಪನಿಗಳು ಇಲ್ಲಿಂದಲೇ ನಡೆಯುವುದರಿಂದ ಆ್ಯಪ್ ಕಟ್ಟುವವರು, ಡೇಟಾ ನೋಡುವವರು ಬೆಂಗಳೂರಿನಲ್ಲಿ ಜಾಸ್ತಿ. ಅವರು ಬೇಕಾದರೆ ನವೆಂಬರಿನ ಬೆಂಗಳೂರು ಟೆಕ್ ಸಮ್ಮಿಟ್ ಕಡೆ ನೋಡಿ.

ಇನ್ನೊಂದು ಮಾತು. "ನಿಮ್ಮನ್ನು ಪ್ರಶಸ್ತಿಗೆ ಆಯ್ಕೆ ಮಾಡಿದ್ದೇವೆ, ಇಷ್ಟು ಸಾವಿರ ಕಟ್ಟಿದರೆ ವೇದಿಕೆ ಮೇಲೆ ಕೊಡುತ್ತೇವೆ" ಅಂತ ಫೋನ್ ಬಂದರೆ ಕೂಡಲೇ ಇಟ್ಟುಬಿಡಿ. ದುಡ್ಡು ಕೊಟ್ಟು ತಂದ ಫಲಕ ನೋಡಿ ಯಾರೂ ನಿಮ್ಮ ಫೋನ್ ಎತ್ತುವುದಿಲ್ಲ.

ಎರಡು ಪ್ರಶ್ನೆ ತಯಾರಿರಲಿ

ಇದು ಒಂದು ಗಂಟೆಯ ಕೆಲಸ. ಭಾಷಣಕಾರರ ಹೆಸರು ನೋಡಿಕೊಳ್ಳಿ, ಇತ್ತೀಚಿನ ನಿಯಮ ಓದಿಕೊಳ್ಳಿ. 2024ರ ಮೇ ತಿಂಗಳ ಐಆರ್‌ಡಿಎಐ (ವಿಮಾ ನಿಯಂತ್ರಣ ಪ್ರಾಧಿಕಾರ) ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು, ಡಿಸ್ಚಾರ್ಜ್ ಒಪ್ಪಿಗೆ ಮೂರು ಗಂಟೆಯೊಳಗೆ ಆಗಬೇಕು. ಹಾಗಾದರೆ ಟಿಪಿಎಯವರು ಸಿಕ್ಕಾಗ ಕೇಳಬೇಕಾದ ಪ್ರಶ್ನೆ ಇದು: "ಮೂರು ಗಂಟೆ ಅಂತ ನಿಯಮ ಇದ್ದರೂ ನಮ್ಮ ಗ್ರಾಹಕರು ಸಂಜೆವರೆಗೆ ಕಾಯುತ್ತಾರಲ್ಲ ಸರ್, ತಡ ಆಗುವುದು ಆಸ್ಪತ್ರೆ ಬಿಲ್ಲಿಂಗಿನಲ್ಲೋ, ನಿಮಗೆ ಬರುವ ಕಾಗದದಲ್ಲೋ?" ಇಂಥ ಪ್ರಶ್ನೆ ಕೇಳಿದವರನ್ನು ಅವರು ಮರೆಯುವುದಿಲ್ಲ. ದಿನಾ ತಲೆಕೆಡಿಸಿಕೊಳ್ಳುವ ವಿಷಯ ಅದೇ ಅಲ್ವಾ?

ಕಾರ್ಡು ಸಾದಾ ಇರಲಿ, ಹಿಂಬದಿ ಖಾಲಿ ಇರಲಿ, ಹೊಳೆಯುವ ಲ್ಯಾಮಿನೇಷನ್ ಬೇಡ. ಅದರ ಮೇಲೆ ಪೆನ್ನು ಓಡುವುದಿಲ್ಲ. ಫೋನಿಗೆ ತಾಗಿಸಿದರೆ ವಿವರ ಹೋಗುವ ದುಬಾರಿ ಡಿಜಿಟಲ್ ಕಾರ್ಡುಗಳನ್ನು ತಗೊಳ್ಳಬೇಡಿ. ಟೀ ಕಪ್ಪು ಕೈಯಲ್ಲಿರುವಾಗ ಎದುರಿನವರಿಗೆ "ಫೋನ್ ಅನ್‌ಲಾಕ್ ಮಾಡಿ, ಹೀಗೆ ಹಿಡೀರಿ" ಅನ್ನುವಷ್ಟರಲ್ಲಿ ಮಾತು ಕಡಿದುಹೋಗುತ್ತದೆ.

ಅವತ್ತಿನ ದಿನ

ಬೇಗ ಹೋಗಿ. ತುಮಕೂರು ರಸ್ತೆಯ ಬಿಐಇಸಿ ವಸ್ತುಪ್ರದರ್ಶನ ಕೇಂದ್ರದಲ್ಲಿ ಕಾರ್ಯಕ್ರಮ ಇದ್ದರೆ ಹಸಿರು ಮಾರ್ಗದ ಮೆಟ್ರೊ ಹಿಡಿದು ಮಾದಾವರದಲ್ಲಿ ಇಳಿಯಿರಿ. ಕಾರು ತಗೊಂಡು ಹೋಗಿ ಗೊರಗುಂಟೆಪಾಳ್ಯದಲ್ಲಿ ಸಿಕ್ಕಿಕೊಳ್ಳಬೇಡಿ. ಭಾಷಣಕಾರರನ್ನು ಭಾಷಣಕ್ಕೆ ಮುಂಚೆ ಮಾತಾಡಿಸಿ, ಮುಗಿದ ಮೇಲೆ ಅವರ ಸುತ್ತ ಗುಂಪು ಕಟ್ಟಿರುತ್ತದೆ. ನಿಮ್ಮ ಆಫೀಸಿನವರ ಜೊತೆ ಊಟಕ್ಕೆ ಕೂರಬೇಡಿ. ಒಬ್ಬರೇ ನಿಂತವರ ಹತ್ತಿರ ಹೋಗಿ ಕನ್ನಡದಲ್ಲೇ ಮಾತು ಶುರು ಮಾಡಿ. ವೇದಿಕೆ ಮೇಲೆ ಇಂಗ್ಲಿಷ್ ನಡೆಯುತ್ತದೆ, ನಿಜ. ಆದರೆ ಹುಬ್ಬಳ್ಳಿ, ದಾವಣಗೆರೆಯಿಂದ ಬಂದ ಸರ್ವೇಯರ್ ಹತ್ತಿರ "ಯಾವೂರು ಸರ್ ನಿಮ್ದು?" ಅಂದರೆ ಬಾಗಿಲು ತಾನಾಗೇ ತೆರೆಯುತ್ತದೆ. ನಿಮ್ಮ ಪ್ರಾಡಕ್ಟ್ ಬಗ್ಗೆ ಒಂದು ಮಾತೂ ಬೇಡ. ಒಂದು ದಿನಕ್ಕೆ ಐದು ಜನರ ಜೊತೆ ಸರಿಯಾಗಿ ಮಾತಾಡಿದರೆ ಧಾರಾಳ ಆಯಿತು.

ಇದಕ್ಕಿಂತ ಸುಲಭದ ದಾರಿಯೂ ಇದೆ. ಆಯೋಜಕರಿಗೆ ಮೊದಲೇ ಫೋನ್ ಮಾಡಿ, ನೋಂದಣಿ ಟೇಬಲ್ಲಿನಲ್ಲಿ ಸಹಾಯ ಮಾಡುತ್ತೇನೆ ಅನ್ನಿ. ಬಂದ ಪ್ರತಿಯೊಬ್ಬರ ಹೆಸರು, ಕಂಪನಿ, ಮುಖ ಮೂರೂ ಒಟ್ಟಿಗೆ ಗೊತ್ತಾಗುತ್ತವೆ. ಎಲ್ಲರೂ ನಿಮ್ಮ ಹತ್ತಿರವೇ ಬರುತ್ತಾರೆ. ಸಂಕೋಚದ ಸ್ವಭಾವದವರಿಗೆ ನಾನು ಇದನ್ನೇ ಹೇಳುವುದು.

ಹೆಚ್ಚಿನವರು ಎಡವುವುದು ಇಲ್ಲಿ

ಸಮ್ಮೇಳನ ಮುಗಿದ ಮೇಲಿನ ಮೂರು ದಿನ. ಇಷ್ಟು ಹೊತ್ತು ಹೇಳಿದ್ದೆಲ್ಲ ಸರಿ ಮಾಡಿ, ಇಲ್ಲಿ ಹಾಳು ಮಾಡಿಕೊಂಡವರನ್ನು ತುಂಬಾ ನೋಡಿದ್ದೇನೆ.

ಅವತ್ತು ರಾತ್ರಿ ಮಲಗುವ ಮುಂಚೆ ಪ್ರತಿ ಕಾರ್ಡಿನ ಹಿಂದೆ ಮೂರು ವಿಷಯ ಬರೆಯಿರಿ. ಎಲ್ಲಿ ಸಿಕ್ಕಿದರು, ಏನು ಮಾತಾಯಿತು, ನೀವು ಏನು ಕಳಿಸುತ್ತೇನೆ ಅಂದಿರಿ. "ಎತ್ತರದವರು, ಪೀಣ್ಯದ ಬೆಂಕಿ ಕ್ಲೇಮ್ ಕಥೆ ಹೇಳಿದರು" ಅಂತ ಬರೆದರೂ ಸಾಕು. ಇದನ್ನು ನಾಳೆಗೆ ಇಟ್ಟುಕೊಂಡರೆ ಅರ್ಧ ಮರೆತಿರುತ್ತದೆ.

ಮೆಸೇಜು ಅವತ್ತೇ ಕಳಿಸಬೇಡಿ. ಎಲ್ಲರೂ ಅವತ್ತೇ ಕಳಿಸಿರುತ್ತಾರೆ. ಒಂದು ದಿನ ಬಿಟ್ಟು, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕಳಿಸಿ. ಸಾಮಾನ್ಯವಾಗಿ ಹೋಗುವ ಮೆಸೇಜು ಹೀಗಿರುತ್ತದೆ: "ಗೌರವಾನ್ವಿತರೇ, ನಿಮ್ಮನ್ನು ಭೇಟಿಯಾಗಿದ್ದು ಸಂತೋಷ. ನಮ್ಮ ಸೇವೆಗಳ ವಿವರ ಲಗತ್ತಿಸಿದೆ." ಜೊತೆಗೊಂದು ದೊಡ್ಡ ಪಿಡಿಎಫ್. ಇದನ್ನು ಯಾರೂ ತೆರೆದು ನೋಡುವುದಿಲ್ಲ.

ಬದಲಿಗೆ ಅವರು ಹೇಳಿದ ಒಂದು ಮಾತನ್ನು ಹಿಡಿದು, ಅದರಂತೆ ಏನಾದರೂ ಮಾಡಿ, ಮಾಡಿದ್ದನ್ನು ಬರೆಯಿರಿ. ಸರ್ವೇಯರ್ ಒಬ್ಬರು ಕಡಿಮೆ ಮೊತ್ತಕ್ಕೆ ಪಾಲಿಸಿ ಮಾಡಿಸುವವರ ಬಗ್ಗೆ ಹೇಳಿದರು ಅಂದುಕೊಳ್ಳಿ. ಒಂದು ಕೋಟಿ ರೂಪಾಯಿಯ ಸ್ಟಾಕನ್ನು 60 ಲಕ್ಷಕ್ಕೆ ಮಾತ್ರ ಇನ್ಶೂರ್ ಮಾಡಿಸಿದ್ದರೆ, 10 ಲಕ್ಷ ಸುಟ್ಟುಹೋದಾಗ ಅದೇ ಪ್ರಮಾಣದಲ್ಲಿ ಲೆಕ್ಕಕ್ಕೆ ಬರುವುದು 6 ಲಕ್ಷ. ಆಗ ನಿಮ್ಮ ಮೆಸೇಜು ಹೀಗಿರಲಿ:

"ನಮಸ್ಕಾರ ಸರ್. ನಾನು (ನಿಮ್ಮ ಹೆಸರು), ರಾಜಾಜಿನಗರದ ಜನರಲ್ ಇನ್ಶೂರೆನ್ಸ್ ಏಜೆಂಟ್. ಗುರುವಾರ ಟೀ ಹೊತ್ತಿನಲ್ಲಿ ಫೈರ್ ಪಾಲಿಸಿಯಲ್ಲಿ ಮೊತ್ತ ಕಡಿಮೆ ಹಾಕಿಸುವ ಬಗ್ಗೆ ಹೇಳಿದ್ದಿರಿ. ಬಂದ ಮೇಲೆ ನನ್ನ ಗ್ರಾಹಕರ ಪಾಲಿಸಿಗಳನ್ನು ತೆಗೆದು ನೋಡಿದೆ. ಒಬ್ಬರದ್ದು ನಿಜಕ್ಕೂ ಕಡಿಮೆ ಇತ್ತು, ಹೆಚ್ಚು ಮಾಡಿಸುತ್ತಿದ್ದೇನೆ. ಧನ್ಯವಾದ ಸರ್."

ಇದರಲ್ಲಿ ಏನನ್ನೂ ಕೇಳಿಲ್ಲ, ಏನನ್ನೂ ಮಾರಿಲ್ಲ. ಅವರ ಮಾತಿನಿಂದ ಒಬ್ಬ ಗ್ರಾಹಕರಿಗೆ ಒಳ್ಳೆಯದಾಯಿತು ಅಂತ ಮಾತ್ರ ಹೇಳಿದ್ದೀರಿ. ಉತ್ತರ ಬರುತ್ತದೆ. ಬರದಿದ್ದರೂ ಹೆಸರು ಸೇವ್ ಆಗಿರುತ್ತದೆ. ಆದರೆ ನಿಜವಾಗಿ ಮಾಡಿದ್ದನ್ನೇ ಬರೆಯಬೇಕು. ಸುಮ್ನೆ ಬರೆದರೆ ಮುಂದಿನ ಸಲ ಸಿಕ್ಕಾಗ "ಆ ಪಾಲಿಸಿ ಏನಾಯ್ತು?" ಅಂತ ಅವರು ಕೇಳಿಯೇ ಕೇಳುತ್ತಾರೆ.

ಆಮೇಲೆ ಮೂರು ವಾರ ಬಿಡಿ. ದಿನಾ ಶುಭೋದಯದ ಚಿತ್ರ ಬೇಡವೇ ಬೇಡ. ಕೇಳದೆ ಯಾವ ಗ್ರೂಪಿಗೂ ಸೇರಿಸಬೇಡಿ. ಅವರ ಕೆಲಸಕ್ಕೆ ಬರುವ ಹೊಸ ಸುತ್ತೋಲೆ ಬಂದರೆ ಕಳಿಸಿ, ಅದರ ಜೊತೆ "ಇದರಲ್ಲಿ ಈ ಭಾಗ ನಿಮಗೆ ಬೇಕಾಗಬಹುದು" ಅಂತ ಒಂದು ಸಾಲು ಸೇರಿಸಿ. ಹೀಗೆ ಎರಡು ಸಲ ಕೊಟ್ಟ ಮೇಲೆ, ಮೂರನೇ ಸಲ ನಿಮಗೆ ಬೇಕಾದ್ದನ್ನು ಕೇಳಿ.

ಕೇಳುವುದಕ್ಕೂ ಒಂದು ಮಿತಿ ಇದೆ. ಯಾವ ಕಾಗದ ಬೇಕು, ಯಾರಿಗೆ ಬರೆಯಬೇಕು, ಈ ಷರತ್ತನ್ನು ಹೇಗೆ ಓದಬೇಕು ಅಂತ ಕೇಳಬಹುದು. "ರಿಪೋರ್ಟಿನಲ್ಲಿ ಸ್ವಲ್ಪ ನೋಡಿಕೊಳ್ಳಿ ಸರ್" ಅಂತ ಕೇಳಬಾರದು. ಪ್ರಾಮಾಣಿಕ ಸರ್ವೇಯರ್ ಆ ಒಂದು ಮಾತಿಗೆ ನಿಮ್ಮನ್ನು ಶಾಶ್ವತವಾಗಿ ದೂರ ಇಡುತ್ತಾರೆ, ಇಡಲೂಬೇಕು. ಗ್ರಾಹಕರ ಆಧಾರ್, ಡಿಸ್ಚಾರ್ಜ್ ಸಮ್ಮರಿಯನ್ನು ಪರಿಚಯದವರಿಗೆ ಫಾರ್ವರ್ಡ್ ಮಾಡಲೇಬೇಡಿ. ಹೆಸರು ಹೇಳದೆ, ಸಮಸ್ಯೆಯನ್ನಷ್ಟೇ ಹೇಳಿ.

ದುಡ್ಡಿನ ಮಾತೂ ಬರುತ್ತದೆ. ಲೈಸೆನ್ಸ್ ಇಲ್ಲದ ಯಾರಾದರೂ "ನಾನು ಕೇಸ್ ಕಳಿಸ್ತೀನಿ, ಕಮಿಷನ್ನಿನಲ್ಲಿ ಅರ್ಧ ನನಗೆ ಕೊಡಿ" ಅಂದರೆ ಒಪ್ಪಬೇಡಿ. 1938ರ ವಿಮಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ, ಏಜೆಂಟ್ ಅಥವಾ ಅಧಿಕೃತ ಮಧ್ಯವರ್ತಿ ಅಲ್ಲದವರಿಗೆ ಬಿಸಿನೆಸ್ ತಂದದ್ದಕ್ಕೆ ಹಣ ಕೊಡುವಂತಿಲ್ಲ. ಗ್ರಾಹಕರಿಗೇ ಕಮಿಷನ್ ಬಿಟ್ಟುಕೊಡುವುದನ್ನು 41ನೇ ಸೆಕ್ಷನ್ ತಡೆಯುತ್ತದೆ, ಅದಕ್ಕೆ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಹೊಸಬರಿಗೆ ಇದನ್ನು ಯಾರೂ ಹೇಳುವುದಿಲ್ಲ ಅನ್ನುವುದೇ ನನ್ನ ಸಂಕಟ.

ವರ್ಷಕ್ಕೊಮ್ಮೆ

ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಇಟ್ಟುಕೊಳ್ಳಿ. ಕೆಲಸ ಬದಲಾಯಿಸಿದವರ ಹೊಸ ಕಂಪನಿ ಬರೆದುಕೊಳ್ಳಿ, ಈ ಕ್ಷೇತ್ರದಲ್ಲಿ ಜನ ಜಾಗ ಬದಲಾಯಿಸುತ್ತಲೇ ಇರುತ್ತಾರೆ. ಮಾರ್ಚ್ ಕೊನೆಯ ಎರಡು ವಾರ ಯಾರಿಗೂ ಫೋನ್ ಮಾಡಬೇಡಿ. ಎಲ್ಲರ ತಲೆಯಲ್ಲೂ ಟಾರ್ಗೆಟ್ ಇರುತ್ತದೆ. ಏಪ್ರಿಲ್ ಹತ್ತರ ಮೇಲೆ ಪಟ್ಟಿ ತೆಗೆದು, ದಿನಕ್ಕೆ ಒಬ್ಬಿಬ್ಬರಿಗೆ ಫೋನ್ ಮಾಡಿ, ಕೆಲಸದ ವಿಷಯ ಎತ್ತದೆ ಹೇಗಿದ್ದೀರಿ ಅಂತ ಕೇಳಿ.