ಮೂವರು ಮಕ್ಕಳು, ಒಂದು ಮಡಿಲು: ಮನೆಯಲ್ಲೇ ಕಲಿಸುವವರ ವಾರದ ಲೆಕ್ಕ

ಹೋದ ವಾರ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಉದ್ದನೆಯ ಹಾಳೆಯೊಂದನ್ನು ಸುರುಳಿ ಸುತ್ತಿಕೊಂಡು ಬಂದಳು. ಮೂವರು ಮಕ್ಕಳಿಗೆ ಮನೆಯಲ್ಲೇ ಕಲಿಸಬೇಕೆಂದು ಗಂಡ ಹೆಂಡತಿ ನಿಶ್ಚಯಿಸಿದ್ದಾರೆ. "ಅಕ್ಕಾವರೇ, ವೇಳಾಪಟ್ಟಿ ಹಾಕಿದ್ದೇನೆ, ಒಮ್ಮೆ ತಿದ್ದಿಕೊಡಿ" ಎಂದು ಹಾಳೆಯನ್ನು ಜಮಖಾನೆಯ ಮೇಲೆ ಹಾಸಿದಳು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ, ದಿನಕ್ಕೆ 7 ಪಾಠ, ಪಾಠಕ್ಕೆ 40 ನಿಮಿಷ. ಎಷ್ಟು ರಾತ್ರಿ ನಿದ್ದೆಗೆಟ್ಟು ಬರೆದಿದ್ದಳೋ. ನಾನು ಪೆನ್ಸಿಲ್ ತೆಗೆದುಕೊಂಡು ಹಾಳೆಯ ಮೂಲೆಯಲ್ಲಿ ಒಂದೇ ಲೆಕ್ಕ ಮಾಡಿ ತೋರಿಸಿದೆ. 3 ಮಕ್ಕಳು, 7 ಪಾಠ, 40 ನಿಮಿಷ: ಒಟ್ಟು 14 ಗಂಟೆ. "ಇಷ್ಟು ಹೊತ್ತನ್ನು ಎಲ್ಲಿಂದ ತರುತ್ತೀಯೇ ತಂಗೀ?" ಎಂದೆ. ಆ ದಿನ ಅವಳಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮಕ್ಕಳು ಎಷ್ಟು ಕಲಿಯಬೇಕು ಎಂಬಲ್ಲಿಂದ ವಾರದ ಯೋಜನೆಯನ್ನು ಶುರು ಮಾಡಬೇಡಿ. ಕಲಿಸುವವರು ಅಡುಗೆಮನೆಯ ಕಡೆ ಕಿವಿಗೊಡದೆ, ಫೋನು ಎತ್ತದೆ, ಒಂದೊಂದು ಮಗುವಿನ ಪಕ್ಕದಲ್ಲಿ ಎಷ್ಟು ಹೊತ್ತು ಕೂರಬಲ್ಲರು ಎಂಬಲ್ಲಿಂದ ಶುರು ಮಾಡಿ. ಅದನ್ನು ನಾನು ಮಡಿಲ ಹೊತ್ತು ಎನ್ನುತ್ತೇನೆ. ಬೇರೆ ಬೇರೆ ವಯಸ್ಸಿನ ಮಕ್ಕಳಿರುವ ಮನೆಯಲ್ಲಿ ಎಲ್ಲಕ್ಕಿಂತ ತುಟ್ಟಿಯಾದದ್ದು ಅದೇ. ಪುಸ್ತಕ ಸಿಗುತ್ತದೆ, ಪಾಟಿ ಬಳಪ ಸಿಗುತ್ತವೆ, ಮೊಬೈಲಿನಲ್ಲಿ ಪಾಠವೂ ಸಿಗುತ್ತದೆ. ಮಡಿಲು ಮಾತ್ರ ಒಂದೇ.

ಈ ತಿಳಿವಳಿಕೆ ನನಗೆ ಬಂದದ್ದು ನವಲಗುಂದ ತಾಲೂಕಿನ ಎರಡು ಕೋಣೆಯ ಶಾಲೆಗಳಲ್ಲಿ. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ನಾನೊಬ್ಬಳೇ ಮಾಸ್ತರಳು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿಕಲಿ ಪದ್ಧತಿ 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಆ ಪದ್ಧತಿಯ ಬಗ್ಗೆ ಜನ ಪರ ವಿರೋಧ ಎರಡನ್ನೂ ಹೇಳುತ್ತಾರೆ. ನನ್ನ ಕಣ್ಣು ತೆರೆಸಿದ್ದು ಅದರ ಕೂರಿಸುವ ಕ್ರಮ. ಶಿಕ್ಷಕರ ಪೂರ್ಣ ಬೆಂಬಲ ಬೇಕಾದವರು ಒಂದು ಗುಂಪು, ಅರ್ಧ ಬೆಂಬಲ ಸಾಕಾದವರು ಇನ್ನೊಂದು, ಗೆಳೆಯರ ನೆರವಿನಿಂದ ಕಲಿಯುವವರು ಬೇರೆ, ತಾವಾಗಿಯೇ ಕಲಿಯುವವರು ಬೇರೆ. ಶಿಕ್ಷಕಿ ಮೊದಲ ಗುಂಪಿನಲ್ಲಿ ಕುಳಿತಿರುತ್ತಾಳೆ, ಉಳಿದವರ ಕೈಗೆ ಕೆಲಸ ಮೊದಲೇ ಸಿಕ್ಕಿರುತ್ತದೆ. ಇಂದು ಪೂರ್ಣ ಬೆಂಬಲ ಬೇಕಾದ ಮಗುವಿಗೆ ನಾಳೆ ಬೇಕಾಗದಿರಬಹುದು. ಮನೆಗೂ ಇಷ್ಟೇ ಬೇಕು.

ಹೀಗೆಲ್ಲ ತಿಳಿದವಳೂ ನನ್ನ ಮೊಮ್ಮಕ್ಕಳ ವಿಷಯದಲ್ಲಿ ತಪ್ಪು ಮಾಡಿದೆ. ಎರಡು ವರ್ಷದ ಹಿಂದೆ ನಾನೂ ಸೊಸೆಯೂ ಧಾರವಾಡದ ಮನೆಯಲ್ಲಿ ಕಲಿಸಲು ತೊಡಗಿದಾಗ ದೊಡ್ಡವಳಿಗೆ 10, ನಡುವಿನವನಿಗೆ 6, ಸಣ್ಣವನಿಗೆ 2 ವರ್ಷ. ಸಣ್ಣವನು ಅಳುತ್ತಿದ್ದ, ನಡುವಿನವನು ಓಡುತ್ತಿದ್ದ, ದೊಡ್ಡವಳು ಕಿಟಕಿಯ ಬಳಿ ಕುಳಿತು ಸದ್ದಿಲ್ಲದೆ ಬರೆಯುತ್ತಿದ್ದಳು. ಸದ್ದಿಲ್ಲವೆಂದರೆ ಕಲಿಯುತ್ತಿದ್ದಾಳೆ ಎಂದು ನಾನು ತಿಳಿದೆ. ಮೂರು ವಾರ ಕಳೆದು ಅವಳ ನೋಟುಪುಸ್ತಕ ತೆರೆದರೆ ಮುತ್ತಿನಂಥ ಅಕ್ಷರ, ಅಡ್ಡಗೆರೆಗಳೆಲ್ಲ ಸ್ಕೇಲಿಟ್ಟು ಎಳೆದವು. ಆದರೆ ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿದರೆ ಐದನೇ ಎರಡು ಭಾಗ ಎಂದು ಬರೆದಿತ್ತು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಳು. ಹನ್ನೊಂದು ಪುಟ ಹಾಗೆಯೇ. "ನೀವು ತಮ್ಮನ ಹತ್ತಿರ ಇದ್ದಿರಿ, ಆಯೀ, ಅದಕ್ಕೇ ಕೇಳಲಿಲ್ಲ" ಎಂದಳು. ಆ ಮಾತು ಇಂದಿಗೂ ನನ್ನ ಎದೆಯಲ್ಲಿದೆ. ರೊಟ್ಟಿಯೊಂದನ್ನು ಅರ್ಧ ಮಾಡಿ, ಇನ್ನೊಂದನ್ನು ಮೂರು ಪಾಲು ಮಾಡಿ, ಎರಡನ್ನೂ ಜೋಡಿಸಿ ತೋರಿಸಿದಾಗ ಅರ್ಧಕ್ಕಿಂತ ಹೆಚ್ಚಾಗಬೇಕಾದದ್ದು ತನ್ನ ಉತ್ತರದಲ್ಲಿ ಅರ್ಧಕ್ಕಿಂತ ಕಡಿಮೆಯಾಗಿದೆ ಎಂದು ಅವಳೇ ಕಂಡುಕೊಂಡಳು. ತಿಳಿಯಲು ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷವನ್ನು ನಾನು ಮೂರು ವಾರ ಕೊಟ್ಟಿರಲಿಲ್ಲ.

ಅಂದಿನಿಂದ ನಮ್ಮ ಕ್ರಮ ಬದಲಾಯಿತು. ರವಿವಾರ ಸಂಜೆ ದೀಪ ಹಚ್ಚಿದ ಮೇಲೆ ನಾನೂ ಸೊಸೆಯೂ ಅಂಗಡಿಯವರು ಬಳಸುವ ಉದ್ದನೆಯ ಲೆಕ್ಕದ ಪುಸ್ತಕ ತೆರೆದು ಕೂರುತ್ತೇವೆ. ವಾರಕ್ಕೆ ಒಂದೇ ಪುಟ. ಮೊದಲು ಪಾಠ ಬರೆಯುವುದಿಲ್ಲ, ಪಾಠ ಆಗದ ಹೊತ್ತನ್ನು ಬರೆಯುತ್ತೇವೆ. ನಮ್ಮ ಓಣಿಗೆ ನಳದ ನೀರು ದಿನಾಲೂ ಬರುವುದಿಲ್ಲ; ಬರುವ ದಿನ ಬೆಳಗಿನ ಹೊತ್ತು ಕೊಡ, ಬಕೆಟ್, ಟಾಕಿಗೆ ಹೋಗುತ್ತದೆ. ಆ ದಿನ ಹತ್ತು ಗಂಟೆಯವರೆಗೆ ಖಾನೆಗೆ ಅಡ್ಡಗೆರೆ. ಸೊಸೆಗೆ ಬ್ಯಾಂಕಿನ ಕೆಲಸವಿದ್ದರೆ, ಬೀಗರು ಬರುವವರಿದ್ದರೆ, ಮಣ್ಣೆತ್ತಿನ ಅಮಾವಾಸ್ಯೆಯೋ ಪಂಚಮಿಯೋ ಇದ್ದರೆ ಅಲ್ಲಿಗೂ ಗೆರೆ. ಹಬ್ಬದ ದಿನ ಪಾಠ ಇಟ್ಟು, ಅದು ಆಗದೆ, ಸಂಜೆ ಮಕ್ಕಳ ಮೇಲೆ ಸಿಡುಕುವ ತಾಯಂದಿರನ್ನು ಬಹಳ ನೋಡಿದ್ದೇನೆ. ಉಂಡೆ ಕಟ್ಟುವ ದಿನ ಉಂಡೆ ಕಟ್ಟಲಿ.

ಗೆರೆ ಎಳೆದು ಉಳಿದ ಜಾಗದಲ್ಲಿ ಮಡಿಲ ಹೊತ್ತನ್ನು ಬರೆಯಬೇಕು. ಮೊದಲ ಸರದಿ ಯಾವಾಗಲೂ ಅತಿ ಸಣ್ಣವನದು. ಬಹಳ ಮನೆಗಳಲ್ಲಿ ಇದನ್ನು ತಿರುಗಾಮುರುಗಾ ಮಾಡುತ್ತಾರೆ: ದೊಡ್ಡವರ ಪಾಠ ದೊಡ್ಡದು, ಅದು ಮೊದಲು ಮುಗಿಯಲಿ ಎಂದು ಸಣ್ಣ ಮಗುವನ್ನು ದೂಡುತ್ತಾರೆ. ದೂಡಿದಷ್ಟೂ ಅದು ಸೆರಗು ಹಿಡಿದು ಜಗ್ಗುತ್ತದೆ. ಬೆಳಗ್ಗೆ ತಿಂಡಿಯಾದ ಕೂಡಲೇ 15 ನಿಮಿಷ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಿತ್ರದ ಪುಸ್ತಕ ಓದಿ, ಮರಳಿನ ತಟ್ಟೆಯಲ್ಲಿ ಒಂದಕ್ಷರ ತಿದ್ದಿಸಿ. ಮನಸ್ಸು ತುಂಬಿದ ಮಗು ತಾನಾಗಿಯೇ ಇಳಿದು ಹೋಗುತ್ತದೆ. ಆಮೇಲೆ ನಡುವಿನವನಿಗೆ 25 ನಿಮಿಷ. ಅವನ ವಯಸ್ಸಿಗೆ ಗಟ್ಟಿಯಾಗಿ ಓದಿಸಿ ಕೇಳುವುದೇ ಮುಖ್ಯ, ಒತ್ತಕ್ಷರಗಳಲ್ಲಿ ಎಲ್ಲಿ ಎಡವುತ್ತಾನೆಂಬುದು ಪಕ್ಕದಲ್ಲಿ ಕುಳಿತರಷ್ಟೇ ತಿಳಿಯುತ್ತದೆ. ದೊಡ್ಡವಳ ಹೊತ್ತು ಮಧ್ಯಾಹ್ನ ಸಣ್ಣವನು ಮಲಗಿದ ಮೇಲೆ, 40 ನಿಮಿಷ, ಅವಳಿಗೆ ಕಠಿಣವಾದ ವಿಷಯಕ್ಕೇ ಮೀಸಲು. ಸುಲಭವಾದದ್ದನ್ನು ಅವಳು ಒಬ್ಬಳೇ ಮಾಡಬಲ್ಲಳು. ದಿನಕ್ಕೆ ಇದೆಲ್ಲ ಸೇರಿ 80 ನಿಮಿಷ. ಓಣಿಯ ಹೆಣ್ಣುಮಗಳು ಈ ಅಂಕಿ ಕೇಳಿ "ಇಷ್ಟೇ ಸಾಕೇ?" ಎಂದಳು. ಸಾಕು, ಆದರೆ ಆ 80 ನಿಮಿಷದಲ್ಲಿ ಕಳ್ಳತನ ಕೂಡದು.

ಒಬ್ಬರ ಜೊತೆ ಕುಳಿತಾಗ ಉಳಿದಿಬ್ಬರು ಏನು ಮಾಡಬೇಕೆಂಬುದನ್ನು ರವಿವಾರವೇ ತೀರ್ಮಾನಿಸಿ ಬುಟ್ಟಿಗೆ ಹಾಕಿ ಇಡಬೇಕು, ಆ ಗಳಿಗೆಯಲ್ಲಿ ಹುಡುಕಬಾರದು. ಸಣ್ಣವನ ಬುಟ್ಟಿಯಲ್ಲಿ ಹಳೆಯ ಬಳೆಗಳು, ಜೋಡಿಸುವ ಡಬ್ಬಿಗಳು, ಎರೆಮಣ್ಣಿನ ಉಂಡೆ. ಎಣಿಸಲು ಹುಣಸೆ ಬೀಜ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಮೂಗಿಗೆ, ಕಿವಿಗೆ ತುರುಕಿಕೊಳ್ಳುವ ವಯಸ್ಸಿನ ಮಗುವನ್ನು ಬೀಜದ ಜೊತೆ ಒಂಟಿಯಾಗಿ ಬಿಡಬೇಡಿ, ಬಳೆಯೇ ಇರಲಿ. ಇನ್ನೊಂದು ಗುಟ್ಟು: ಈ ಬುಟ್ಟಿ ಅಕ್ಕನ ಮತ್ತು ಅಣ್ಣನ ಪಾಠದ ಹೊತ್ತಿಗಷ್ಟೇ ಕಪಾಟಿನಿಂದ ಇಳಿಯಬೇಕು, ಪಾಠ ಮುಗಿದ ಕೂಡಲೇ ಮೇಲೇರಬೇಕು. ದಿನವಿಡೀ ಎದುರಿಗಿದ್ದರೆ ಎರಡೇ ದಿನಕ್ಕೆ ಹಳತಾಗುತ್ತದೆ.

ಇನ್ನು ವಿಷಯಗಳ ಮಾತು. ಓದು, ಬರಹ, ಗಣಿತ, ಈ ಮೂರರಲ್ಲಿ ಒಬ್ಬೊಬ್ಬರದು ಒಂದೊಂದು ಮೆಟ್ಟಿಲು, ಇವುಗಳನ್ನು ಬೆರೆಸಲು ಹೋಗಬೇಡಿ. ಉಳಿದ ಸಮಾಜ, ವಿಜ್ಞಾನ, ಚಿತ್ರ, ಕೈಕೆಲಸಗಳಿಗೆ ಮೂವರಿಗೂ ವಾರಕ್ಕೆ ಒಂದೇ ವಿಷಯ ಸಾಕು. ಒಂದೇ ಒಲೆಯ ಮೇಲೆ ಬೇಯಿಸಿ ಮೂವರ ತಟ್ಟೆಗೆ ಅವರವರ ಹಸಿವಿನಷ್ಟು ಬಡಿಸಿದ ಹಾಗೆ.

ಹೋದ ವರ್ಷ ಆಗಸ್ಟ್ ಮೊದಲ ವಾರ ನಾವು ರಾಷ್ಟ್ರಧ್ವಜವನ್ನು ತೆಗೆದುಕೊಂಡೆವು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಖಾದಿ ಧ್ವಜಗಳು ತಯಾರಾಗುತ್ತವೆ; ನಮ್ಮೂರಿನ ಮಗ್ಗುಲಲ್ಲೇ ಇರುವ ಸಂಗತಿ, ಮಕ್ಕಳಿಗೆ ಅದು ಗೊತ್ತೇ ಇರಲಿಲ್ಲ. ಸಣ್ಣವನಿಗೆ ಬಣ್ಣಗಳ ಹೆಸರು, ಚಕ್ರದ ಅರಗಳನ್ನು ಬೆರಳಿಟ್ಟು 24ರವರೆಗೆ ಎಣಿಸುವುದು. ನಡುವಿನವನಿಗೆ ಅಳತೆ: ಧ್ವಜ ಯಾವುದೇ ಗಾತ್ರದ್ದಿರಲಿ, ಉದ್ದ 3 ಪಾಲಾದರೆ ಅಗಲ 2 ಪಾಲು. 450 ಮಿಲಿಮೀಟರ್ ಉದ್ದದ್ದಕ್ಕೆ ಅಗಲ ಎಷ್ಟು, 900ರದ್ದಕ್ಕೆ ಎಷ್ಟು ಎಂದು ಅವನೇ ಕಂಡುಹಿಡಿಯಬೇಕು. ದೊಡ್ಡವಳಿಗೆ ಅರಗಳ ನಡುವಿನ ಕೋನ, ಅಂದರೆ 360ನ್ನು 24ರಿಂದ ಭಾಗಿಸಿ 15 ಡಿಗ್ರಿ, ಮತ್ತು ವಿಸ್ತೀರ್ಣ.

ನಿಗದಿಯಾದ 9 ಗಾತ್ರಗಳಲ್ಲಿ ಅತಿ ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಅಗಲ. ಅತಿ ಸಣ್ಣದು 150ಕ್ಕೆ 100. ದೊಡ್ಡದನ್ನು ಮಾಳಿಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದೆವು. ನಡುವಿನವನು ಟೇಪು ಹಿಡಿದ, ಸಣ್ಣವನು ಗೆರೆಯ ಮೇಲೆ ನಡೆದ. ಸಣ್ಣ ಧ್ವಜದ ಅಳತೆಗೆ ರಟ್ಟು ಕತ್ತರಿಸಿ ಉದ್ದದ ಗೆರೆಯ ಮೇಲೆ ಸರಿಸುತ್ತಾ ಹೋದರೆ 42 ಹಿಡಿದವು. "ದೊಡ್ಡದು 42 ಪಟ್ಟು ದೊಡ್ಡದು!" ಎಂದು ನಡುವಿನವನು ಕೂಗಿದ. ದೊಡ್ಡವಳು ಮಾತನಾಡಲಿಲ್ಲ. ರಟ್ಟನ್ನು ತೆಗೆದುಕೊಂಡು ಅಗಲದ ಗೆರೆಗೆ ಹೋದಳು. ಅಲ್ಲಿಯೂ 42. ಕೆಲ ಹೊತ್ತು ನೆಲವನ್ನೇ ನೋಡಿ, "ಆಯೀ, ಒಂದು ಸಾಲಿಗೆ 42, ಇಂಥ ಸಾಲು 42. ಒಟ್ಟು 1764 ಧ್ವಜ ಹಿಡಿಯುತ್ತವೆ" ಎಂದಳು. ಉದ್ದ ಬೆಳೆದಷ್ಟಕ್ಕೆ ವಿಸ್ತೀರ್ಣ ಬೆಳೆಯುವುದಿಲ್ಲ, ಅದಕ್ಕಿಂತ ಬಹಳ ಹೆಚ್ಚು ಬೆಳೆಯುತ್ತದೆ ಎಂಬುದನ್ನು ನಾನು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆದು ಹೇಳಿದ್ದೇನೆ. ಆ ಸಂಜೆ ಅದನ್ನು ಅವಳೇ ನನಗೆ ಹೇಳಿದಳು. ಎರಡು ದಿನ ಮಳೆ ಬಾರದಿರಲಿ ಎಂದು ಮೂವರೂ ಬೇಡಿಕೊಂಡರು.

ಇಂಥ ವಿಷಯಗಳಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಬ್ಯಾಡಗಿ ಮೆಣಸಿನಕಾಯಿಯಿಂದ ಒಂದು ವಾರ, ಎರೆಹೊಲದ ಹತ್ತಿಯಿಂದ ಇನ್ನೊಂದು. ಚಳಿಗಾಲದಲ್ಲಿ ಹಿಮಾಲಯ ದಾಟಿ ಶಿರಹಟ್ಟಿ ಸೀಮೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳಿಂದ ಭೂಗೋಳ, ಗದಗಿನ ಹತ್ತಿರದ ಲಕ್ಕುಂಡಿಯ ಬ್ರಹ್ಮ ಜಿನಾಲಯದಿಂದ ಅತ್ತಿಮಬ್ಬೆಯ ಕಾಲದ ಇತಿಹಾಸ. ಊರೂರು ತಿರುಗುವುದು ತಿಂಗಳಿಗೊಮ್ಮೆ ಸಾಕು. ಹೋಗಿ ಬಂದ ಮರುದಿನ ಹೊಸ ಪಾಠ ಇಡಬೇಡಿ, ಕಂಡದ್ದನ್ನು ಬರೆಯಲಿ, ಸಣ್ಣವನು ಬಿಡಿಸಲಿ.

ಸೋಮವಾರದಿಂದ ಗುರುವಾರದವರೆಗೆ ಮಾತ್ರ ಪಾಠ ತುಂಬಿ, ಶುಕ್ರವಾರದ ಖಾನೆಯನ್ನು ಖಾಲಿ ಬಿಡಿ. ನಾಲ್ಕು ದಿನದಲ್ಲಿ ಏನಾದರೂ ಉಳಿದೇ ಉಳಿಯುತ್ತದೆ, ಶುಕ್ರವಾರ ಅದನ್ನು ನುಂಗಿಕೊಳ್ಳುತ್ತದೆ. ಏನೂ ಉಳಿಯದ ಶುಕ್ರವಾರ ಮಕ್ಕಳದೇ. ಶನಿವಾರ ಅರ್ಧ ತಾಸು ದೊಡ್ಡವಳು ತಮ್ಮನಿಗೆ ಮಗ್ಗಿ ಹೇಳಿಕೊಡುತ್ತಾಳೆ. ಹೇಳಿಕೊಟ್ಟಾಗ ಅವಳದೂ ಗಟ್ಟಿಯಾಗುತ್ತದೆ. ಆದರೆ ಅದಕ್ಕಿಂತ ಹೆಚ್ಚು ಕೇಳಬೇಡಿ. ಮನೆಯ ಹಿರಿಯ ಹುಡುಗಿಯನ್ನು ಅರೆಕಾಲಿಕ ಶಿಕ್ಷಕಿಯನ್ನಾಗಿ ಮಾಡಿಬಿಡುವುದು ನಮ್ಮಲ್ಲಿ ಬಹಳ ಸಲೀಸು, ಅವಳೂ ಒಂದು ಮಗು ಎಂಬುದನ್ನು ಮರೆಯುವುದು ಇನ್ನೂ ಸಲೀಸು.

ಪಠ್ಯದ ಬಗ್ಗೆ ಚಿಂತೆ ಬೇಡ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎಲ್ಲ ತರಗತಿಯ ಪುಸ್ತಕಗಳೂ ಉಚಿತವಾಗಿ ಸಿಗುತ್ತವೆ. ಪುಸ್ತಕದಲ್ಲಿ 18 ಪಾಠಗಳಿದ್ದರೆ, ವರ್ಷಕ್ಕೆ 36 ವಾರ ಎಂದು ಹಿಡಿದು ಪಾಠಕ್ಕೆ ಎರಡು ವಾರ ಕೊಡಿ. ಉಳಿದ ವಾರಗಳು ಜ್ವರಕ್ಕೆ, ಮದುವೆಗೆ, ಸುಗ್ಗಿಗೆ ಬೇಕಾಗುತ್ತವೆ. ಮುಂದೆ ಪರೀಕ್ಷೆ ಬರೆಸುವವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ನಿಯಮಗಳನ್ನು ಈಗಲೇ ಓದಿಕೊಳ್ಳಲಿ. ಹತ್ತನೇ ತರಗತಿಗೆ ಸಮಾನವಾದ ಅದರ ಮಾಧ್ಯಮಿಕ ಪರೀಕ್ಷೆಗೆ ಮಗುವಿಗೆ 14 ವರ್ಷ ತುಂಬಿರಬೇಕು.

ಲೆಕ್ಕದ ಪುಸ್ತಕದಲ್ಲಿ ಯೋಜನೆಯನ್ನು ಪೆನ್ಸಿಲಿನಲ್ಲಿ ಬರೆಯುತ್ತೇವೆ, ನಿಜವಾಗಿ ಆದದ್ದನ್ನು ರಾತ್ರಿ ಮಲಗುವ ಮುನ್ನ ಶಾಯಿಯಲ್ಲಿ. ಪ್ರತಿ ಮಗುವಿಗೆ ಒಂದೇ ಸಾಲು: ಎಲ್ಲಿ ಎಡವಿತು, ಎಲ್ಲಿ ಕಣ್ಣು ಮಿಂಚಿತು. ಮುಂದಿನ ರವಿವಾರ ಮೊದಲು ಓದುವುದು ಆ ಶಾಯಿಯ ಸಾಲುಗಳನ್ನೇ. ಯಾವ ಮಗುವಿನ ಹೆಸರಿನ ಕೆಳಗೆ ಮೂರು ದಿನ ಏನೂ ಬರೆದಿಲ್ಲವೋ ಆ ಮಗುವನ್ನು ನಾವು ನೋಡಿಲ್ಲ ಎಂದರ್ಥ, ಆ ವಾರದ ಮೊದಲ ಮಡಿಲ ಹೊತ್ತು ಅವರದು. ನಮ್ಮ ಮನೆಯಲ್ಲಿ ಹೆಚ್ಚಾಗಿ ಖಾಲಿ ಉಳಿಯುವ ಖಾನೆ ದೊಡ್ಡವಳದೇ. ಇತ್ತೀಚೆಗೆ ಅವಳೇ ರಾತ್ರಿ ಪುಸ್ತಕ ತೆಗೆದು ನೋಡುತ್ತಾಳೆ, ತನ್ನ ಸಾಲು ಖಾಲಿಯಿದ್ದರೆ ಪೆನ್ನನ್ನು ತಂದು ನನ್ನ ಕೈಯಲ್ಲಿಡುತ್ತಾಳೆ.